ಗಂಟು ನಿಲ್ಲದ ನಾಡು

ಬೆಟ್ಟಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲ ಅದು. ಏಳು ಹೊಳೆಗಳ ಆಚೆ ಕುಂಕುಮಾವತಿ ಎಂಬ ರಾಜ್ಯವಿತ್ತು. ಸೋಮಭೂಪನೆಂಬ ರಾಜ ಅದನ್ನು ಆಳುತ್ತಿದ್ದ. ಆ ರಾಜ್ಯದ ಅಂಚಿನ ಕೇರಿಯೊಂದರಲ್ಲಿ ಸಂಕವ್ವ ಎಂಬ ಹುಡುಗಿ ತನ್ನ ಅಕ್ಕ ಮುದ್ದಕ್ಕನ ಮನೆಯಲ್ಲಿದ್ದಳು. ಎಲ್ಲರೂ ಅವಳನ್ನು ಸಂಕಿ ಎನ್ನುತ್ತಿದ್ದರು. ಅವಳಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ, ಜಾಲರಿ ಹೆಣೆಯುವುದು.

ಬೆರಳುದ್ದದ ಕೊಂಬಿನ ಲಾಳಿಗೆ ಬಣ್ಣದ ನೂಲು ಸುತ್ತಿಕೊಳ್ಳುತ್ತಿದ್ದಳು. ಎಡಗೈ ಬೆರಳುಗಳ ಮೇಲೆ ನೂಲನ್ನು ಬಳೆಯಂತೆ ಹರಡಿ, ಮೇಲೊಮ್ಮೆ ಕೆಳಗೊಮ್ಮೆ ಲಾಳಿ ತೂರಿಸಿ, ಗಂಟಿನ ಪಕ್ಕ ಗಂಟು ಕೂರಿಸುತ್ತಿದ್ದಳು. ಗಂಟುಗಳೋ, ಒಂದೊಂದೂ ಸಾಸಿವೆ ಕಾಳಿನಷ್ಟು. ನಡುನಡುವೆ ಮಣಿ ಪೋಣಿಸಿ ಕೊನೆಗೆ ನೂಲೆಳೆದರೆ ಸಾಲೆಲ್ಲ ಬಾಗಿ ಪುಟ್ಟ ಉಂಗುರವಾಗುತ್ತಿತ್ತು. ಉಂಗುರಕ್ಕೆ ಉಂಗುರ ಸೇರಿ ಹೂವಾಗುತ್ತಿತ್ತು, ಚಿಟ್ಟೆಯಾಗುತ್ತಿತ್ತು, ಚುಕ್ಕಿಯಾಗುತ್ತಿತ್ತು. ಕೇರಿಯ ಮಕ್ಕಳ ಕುಲಾವಿಗಳ ಮೇಲೆಲ್ಲ ಸಂಕಿಯ ಚಿಟ್ಟೆಗಳೇ.

ಹೀಗಿರಲು ಒಂದು ದಿನ ಶಿಥಿಲಾಕ್ಷನೆಂಬ ಮಾಂತ್ರಿಕ ರಾಜನ ಸಭೆಗೆ ಬಂದ. ಅವನ ಕಣ್ಣು ಬಿದ್ದದ್ದೆಲ್ಲ ಸಡಿಲವಾಗುತ್ತಿತ್ತು. ಮಂತ್ರಿಯ ರುಮಾಲು ಬಿಚ್ಚಿತು, ತಂಬೂರಿಯ ತಂತಿ ಇಳಿಯಿತು, ಸಿಂಹಾಸನದ ಕಾಲು ಅಲುಗಾಡಿತು. ರಾಜ ಸಿಟ್ಟಾಗಿ, "ಇವನನ್ನು ಹಗ್ಗದಿಂದ ಬಿಗಿಯಿರಿ" ಎಂದ. ಕಾವಲಿನವರು ಬಿಗಿದರು. ಹಗ್ಗ ಹಾವಿನಂತೆ ಜಾರಿ ನೆಲಕ್ಕೆ ಬಿತ್ತು.

ಮಾಂತ್ರಿಕ ನಕ್ಕ. "ನನ್ನನ್ನೇ ಕಟ್ಟಲು ಬಂದಿರಾ? ಇಂದಿನಿಂದ ಈ ನಾಡಿನಲ್ಲಿ ಕಟ್ಟಲು ಹೋದ ಯಾವ ನೂಲೂ ಕಟ್ಟದಿರಲಿ, ಯಾವ ಹಗ್ಗವೂ ಹಿಡಿಯದಿರಲಿ!" ಎಂದು ಹೇಳಿ ಮಾಯವಾದ.

ಅಂದೇ ನಾಡಿನ ಗಂಟುಗಳ ಬಿಗಿ ಹೊರಟುಹೋಯಿತು. ಬಾವಿಗೆ ಇಳಿಸಿದ ಕೊಡ ಮೇಲೆ ಬರಲಿಲ್ಲ. ಗೂಟಕ್ಕೆ ಕಟ್ಟಿದ ದನ ನಿಲ್ಲಲಿಲ್ಲ. ದಡಕ್ಕೆ ಬಿಗಿದ ದೋಣಿಗಳು ಹೊಳೆಯ ಪಾಲಾದವು. ತಾಳಿಗೆ ಮೂರು ಗಂಟು ಹಾಕಿದರೆ ಮೂರೂ ಬಿಚ್ಚಿಕೊಳ್ಳುತ್ತಿದ್ದವು, ಮದುವೆಗಳೇ ನಿಂತುಹೋದವು. ತೊಟ್ಟಿಲ ಹಗ್ಗಗಳೂ ಜಾರಿದವು. ಮುದ್ದಕ್ಕನ ಕೂಸು ತೊಟ್ಟಿಲ ಸಮೇತ ಬಿದ್ದದ್ದು ಹತ್ತಿಯ ರಾಶಿಯ ಮೇಲೆ, ಅದಕ್ಕೇ ಬದುಕಿತು. ಅಂದಿನಿಂದ ಮುದ್ದಕ್ಕ ಕೂಸನ್ನು ಕೆಳಗಿಡಲಿಲ್ಲ. ಚಾಪೆಯ ಮೇಲೆ ಮಲಗಿಸಲೂ ಅವಳಿಗೆ ಭಯ. ಗೋಡೆಗೆ ಒರಗಿ ಕೂತೇ ತೂಕಡಿಸುತ್ತಿದ್ದಳು. ನಾಡಿನ ತಾಯಂದಿರೆಲ್ಲರ ಪಾಡೂ ಅದೇ ಆಗಿತ್ತು.

ರಾಜನ ಸೇನಾಪತಿ ಸಾವಿರ ಜನರನ್ನು ಕಟ್ಟಿಕೊಂಡು ಮಾಂತ್ರಿಕನ ಕೋಟೆಗೆ ಹೋದ. ಹೋದವರು ಬರಿಗಾಲಲ್ಲಿ ಹಿಂದಿರುಗಿದರು. ಒಬ್ಬನಿಗೂ ತನ್ನ ಹೆಸರು ಗೊತ್ತಿರಲಿಲ್ಲ.

"ಸಂಕಿ, ನನ್ನ ಕೈಗಳು ಕಲ್ಲಾಗಿವೆ ಕಣೇ" ಎಂದಳು ಮುದ್ದಕ್ಕ ಒಂದು ಬೆಳಿಗ್ಗೆ. "ನಿದ್ದೆ ಅಂದರೆ ಹೇಗಿರುತ್ತದೆ ಅನ್ನುವುದೇ ಮರೆತುಹೋಗಿದೆ."

ಸಂಕಿ ಕೂಸನ್ನು ಎತ್ತಿಕೊಳ್ಳಲು ಬಾಗಿದಳು. ಬಾಗಿದವಳು ಹಾಗೇ ನಿಂತುಬಿಟ್ಟಳು. ಕುಲಾವಿಯ ದಾರ ಬಿಚ್ಚಿ ಜೋತಾಡುತ್ತಿತ್ತು. ಆದರೆ ಅದರ ಮೇಲಿನ ಜಾಲರಿ ಚಿಟ್ಟೆಯ ಒಂದು ಗಂಟೂ ಅಲುಗಿರಲಿಲ್ಲ.

"ಅಕ್ಕಾ, ಇಲ್ನೋಡು! ಇದು ಯಾಕೆ ಬಿಚ್ಚಿಲ್ಲ?"

"ನನಗೇನು ಗೊತ್ತು? ನೀನೇ ಹೆಣೆದದ್ದಲ್ಲವಾ?"

ಸಂಕಿ ಲಾಳಿ ಹಿಡಿದು ಕೂತಳು. ಒಂದು ಗಂಟು ಹಾಕಿ ಕಣ್ಣು ಕಿರಿದು ಮಾಡಿ ನೋಡಿದಳು. ಲಾಳಿಯ ನೂಲು ಹೋಗಿ ಕೈಯ ನೂಲಿನ ಸುತ್ತ ಕುಣಿಕೆ ಹಾಕಿತು. ಲಾಳಿಯನ್ನು ಚಕ್ಕನೆ ಎಳೆದು, ಕೈಯ ನೂಲನ್ನು ಸಡಿಲ ಬಿಟ್ಟಳು. ಕುಣಿಕೆ ಮಗುಚಿಕೊಂಡಿತು. ಕಟ್ಟಲು ಹೋದ ನೂಲು ಕಡ್ಡಿಯಂತೆ ನೆಟ್ಟಗಾಯಿತು. ಸುಮ್ಮನೆ ನಿಂತಿದ್ದ ನೂಲು ಅದರ ಸುತ್ತ ಗಂಟಾಗಿ ಕೂತಿತು! ಈ ವಿದ್ಯೆ ಕಲಿಸಿದ ಅಜ್ಜಿ ಹಾಡುತ್ತಿದ್ದದ್ದೂ ಅದನ್ನೇ: "ಹೋದ ನೂಲು ನೆಟ್ಟಗಿರಲಿ, ನಿಂತ ನೂಲು ಗಂಟಾಗಲಿ."

ಕಟ್ಟಲು ಹೋದ ನೂಲಿಗೆ ತಾನೇ ಶಾಪ? ನಿಂತ ನೂಲಿಗೆ ಶಾಪವೇ ತಟ್ಟಿರಲಿಲ್ಲ.

"ಅಕ್ಕಾ, ನಾನು ಹೋಗಿಬರುತ್ತೇನೆ" ಎಂದಳು ಸಂಕಿ.

"ಸಾವಿರ ಗಂಡಸರು ಹೋಗಿ ಹೆಸರು ಕಳೆದುಕೊಂಡು ಬಂದರು. ನಿನ್ನ ಹತ್ತಿರ ಏನಿದೆ?"

"ಲಾಳಿ ಇದೆ. ನೀಲಿ, ಹಳದಿ, ಕೆಂಪು ನೂಲಿದೆ. ಒಂದು ಹಿಡಿ ಮಣಿ ಇದೆ."

ಮುದ್ದಕ್ಕ ತಂಗಿಯ ಹಣೆಗೆ ಹಣೆ ತಾಗಿಸಿದಳು. ಕೈಗೆ ಬಿಡುವಿರಲಿಲ್ಲವಲ್ಲ.

ಸಂಕಿ ಹೊರಟಳು. ಮೊದಲ ಹೊಳೆ ದಾಟಿದಳು, ಎರಡನೆಯದು ದಾಟಿದಳು, ಏಳನೆಯದೂ ದಾಟಿದಳು. ಅಲ್ಲೊಂದು ಕಣಿವೆ. ಕಣಿವೆಯ ಬಾಯಿಗೆ ಅಡ್ಡವಾಗಿ ಬೆಟ್ಟದಷ್ಟು ದೊಡ್ಡ ನವಿಲು ನಿಂತಿತ್ತು. ಅದರ ಗರಿಗಳೆಲ್ಲ ಬೂದುಬಣ್ಣ, ಒಂದರಲ್ಲೂ ಕಣ್ಣಿರಲಿಲ್ಲ. ಮುಖದಲ್ಲೂ ಕಣ್ಣಿರಲಿಲ್ಲ.

"ಯಾರದು ಹೆಜ್ಜೆ ಸಪ್ಪಳ?" ಎಂದು ನವಿಲು ಗುಡುಗಿತು. "ಸಾವಿರ ಸೈನಿಕರು ಬಂದುಹೋದ ಮೇಲೆ ಮಾಂತ್ರಿಕ ನನ್ನ ಕಣ್ಣುಗಳನ್ನೆಲ್ಲ ಬಿಚ್ಚಿಕೊಂಡು ಹೋದ. ಯಾರು ಬಂದರೂ ಕುಕ್ಕು ಎಂದು ಇಲ್ಲಿ ನಿಲ್ಲಿಸಿದ. ಕಾಣದವನಿಗೆ ಒಳ್ಳೆಯವರು ಯಾರು, ಕೆಟ್ಟವರು ಯಾರು?"

ಸಂಕಿ ಹೇಳಿದಳು, "ನವಿಲಣ್ಣಾ, ಕುಕ್ಕುವ ಮೊದಲು ಸ್ವಲ್ಪ ಹೊತ್ತು ಕೊಡು. ನಿನಗೊಂದು ಕಣ್ಣು ಹೆಣೆದು ಕೊಡುತ್ತೇನೆ."

ನವಿಲು ಅಂಥ ಮಾತನ್ನು ಹಿಂದೆಂದೂ ಕೇಳಿರಲಿಲ್ಲ. ಕೊಕ್ಕು ಮುಚ್ಚಿ ಕೂತಿತು.

ಸಂಕಿ ನೀಲಿ ನೂಲು ತೆಗೆದಳು. ಹೋದ ನೂಲು ನೆಟ್ಟಗಿರಲಿ, ನಿಂತ ನೂಲು ಗಂಟಾಗಲಿ. ಉಂಗುರದ ಸುತ್ತ ಉಂಗುರ ಹೆಣೆದು, ನಡುವೆ ಒಂದು ಕರಿಮಣಿ ಕೂರಿಸಿ, ನವಿಲಿನ ನಡುಗರಿಗೆ ಜೋಡಿಸಿದಳು. ಕರಿಮಣಿ ಒಮ್ಮೆ ಮಿಟುಕಿತು, ಮತ್ತೆ ಅರಳಿತು. ಅದರೊಳಗೆ ಆಕಾಶ ಬಂತು, ಮೋಡ ಬಂತು, ಕೊನೆಗೆ ಸಂಕಿಯ ಪುಟ್ಟ ಮುಖವೂ ಬಂತು.

"ಹಸಿರು! ಅಯ್ಯೋ, ಹಸಿರು!" ಎಂದು ನವಿಲು ಕೂಗಿತು. ಆ ಒಂದು ಕಣ್ಣಿನಿಂದ ನೀರು ಸುರಿಯಿತು. ನೀರು ಹರಿದ ಗರಿಗಳಿಗೆಲ್ಲ ಬಣ್ಣ ಏರಿತು. ಸಂಕಿ ತಾನೇ ಹೆಣೆದದ್ದನ್ನು ತಾನೇ ನಂಬಲಾರದೆ ಬಾಯಿ ತೆರೆದು ನೋಡಿದಳು. ನವಿಲು ಪಕ್ಕಕ್ಕೆ ಸರಿದು, ತಲೆ ತಗ್ಗಿಸಿ ದಾರಿ ಬಿಟ್ಟಿತು.

ಕಣಿವೆಯ ಆಚೆ ಒಂದು ಕಮರಿ. ತಳ ಕಾಣದ ಕಮರಿ. ಸೈನಿಕರು ಹಿಂದಿರುಗಿದ ಮೇಲೆ ಸೇತುವೆಯ ಹಗ್ಗಗಳೂ ಬಿಚ್ಚಿ ಎರಡು ದಡದಲ್ಲೂ ಜೋತಾಡುತ್ತಿದ್ದವು. ದಡದಲ್ಲಿ ಮೋಡದ ಆನೆಯೊಂದು ಮಲಗಿತ್ತು. ಅದರ ಬೆನ್ನು ಎಳೆಎಳೆಯಾಗಿ ಬಿಚ್ಚಿ ಗಾಳಿಗೆ ಹಾರಿಹೋಗುತ್ತಿತ್ತು. ಸೊಂಡಿಲು ಅರ್ಧವೇ ಉಳಿದಿತ್ತು.

"ಹತ್ತಿರ ಬರಬೇಡ ಮಗಳೇ" ಎಂದಿತು ಆನೆ. "ನಿನ್ನ ಉಸಿರು ತಾಗಿದರೂ ನಾನು ಚದುರಿಹೋಗುತ್ತೇನೆ."

ಸಂಕಿ ಬಾಯಿಗೆ ಸೆರಗು ಅಡ್ಡ ಹಿಡಿದು ಹತ್ತಿರ ಕೂತಳು. ಹಳದಿ ನೂಲು ತೆಗೆದಳು. ಮೋಡಕ್ಕೆ ಗಾಜಿನ ಮಣಿ ಭಾರವಾದೀತೆಂದು, ಹುಲ್ಲಿನ ತುದಿಯಿಂದ ಇಬ್ಬನಿ ಹನಿಗಳನ್ನು ಬಿಡಿಸಿ ನೂಲಿಗೆ ಏರಿಸಿದಳು. ಹೋದ ನೂಲು ನೆಟ್ಟಗಿರಲಿ, ನಿಂತ ನೂಲು ಗಂಟಾಗಲಿ. ಮಧ್ಯಾಹ್ನದ ಬಿಸಿಲಿಗೆ ಒಂದು ಹನಿಯೂ ಆರಲಿಲ್ಲ. ಅಂಗೈಯಗಲದ ಹಣೆಪಟ್ಟಿಯಾಯಿತು. ಅದನ್ನು ಆನೆಯ ಹಣೆಗೆ ತೊಡಿಸಿದ್ದೇ ತಡ, ಹಾರುತ್ತಿದ್ದ ಎಳೆಗಳೆಲ್ಲ ನಿಂತವು, ತಿರುಗಿದವು, ಒಂದೊಂದಾಗಿ ಮನೆಗೆ ಬಂದ ಹಸುಗಳಂತೆ ಮೈಯೊಳಗೆ ಸೇರಿದವು. ಆನೆ ಎದ್ದು ನಿಂತಿತು. ಅದರ ಬೆನ್ನು ಸೂರ್ಯನಿಗೆ ತಾಗಿತು.

ಆನೆ ಅವಳನ್ನು ಹೊತ್ತು ಗಾಳಿಯ ಮೇಲೆ ಕಾಲಿಡುತ್ತ ಕಮರಿ ದಾಟಿತು. ಕೆಳಗೆ ಹದ್ದುಗಳ ಬೆನ್ನು ಕಂಡಿತು. ದಾಟುವಾಗ ಹೇಳಿತು, "ಕೇಳು ಮಗಳೇ. ಮಾಂತ್ರಿಕನ ಮೈಮೇಲೆ ಯಾವ ಗಂಟೂ ನಿಲ್ಲದು. ಅವನ ಬಲವೆಲ್ಲ ಇರುವುದು ಅದರಲ್ಲೇ. ಒಂದೇ ಒಂದು ಗಂಟು ಅವನ ಮೇಲೆ ನಿಂತರೆ ಅಲ್ಲಿಗೆ ಅವನ ಮಾಯೆ ಮುಗಿಯಿತು."

ಮಾಂತ್ರಿಕನ ಕೋಟೆಯಲ್ಲಿ ಕಲ್ಲಿಗೆ ಕಲ್ಲು ತಾಗಿರಲಿಲ್ಲ. ಕಲ್ಲುಗಳೆಲ್ಲ ಗಾಳಿಯಲ್ಲಿ ತೇಲುತ್ತಿದ್ದವು. ಒಳಗೆ ಹೋದರೆ ಹಾರದಿಂದ ಬಿಡಿಸಿದ ಹೂಗಳು ತೇಲುತ್ತಿದ್ದವು, ಹಾಡಿನಿಂದ ಬಿಡಿಸಿದ ಸ್ವರಗಳು ಒಂಟಿಯಾಗಿ ಅಲೆಯುತ್ತಿದ್ದವು. ಸಂಕಿ ತಲೆಯೆತ್ತಿ ಮೇಲೆ ನೋಡಿದಳು. ನಾಡಿನ ಗಂಟುಗಳಿಂದ ಕದ್ದ ಬಿಗಿಯೆಲ್ಲ ಅಲ್ಲಿತ್ತು. ಒಂದೊಂದು ಗಂಟಿನ ಬಿಗಿ ಸಾಸಿವೆಯಷ್ಟು ಬೆಳಕು. ಲಕ್ಷ ಬೆಳಕು, ಕೋಟಿ ಬೆಳಕು. ಹಾಡಹಗಲೇ ನಕ್ಷತ್ರಲೋಕ ತಲೆಯ ಮೇಲೆ ಇಳಿದಂತಿತ್ತು. ಅದರಲ್ಲಿ ತೊಟ್ಟಿಲಿನದು ಯಾವುದು, ತಾಳಿಯದು ಯಾವುದು? ಯಾರು ಹೇಳಬಲ್ಲರು! ಅವಳು ತನಗೇ ತಿಳಿಯದಂತೆ ಕೈ ಮುಗಿದಳು.

"ಚೆನ್ನಾಗಿದೆಯೇ?" ಎಂದಿತು ಹಿಂದಿನಿಂದ ಒಂದು ದನಿ. ಶಿಥಿಲಾಕ್ಷ ನಿಂತಿದ್ದ. "ಯಾಕೆ ಬಂದೆ?"

"ಅಯ್ಯಾ, ನನ್ನ ಒಂದು ಗಂಟನ್ನು ನೀನು ಬಿಚ್ಚಬಲ್ಲೆಯಾ ಎಂದು ಕೇಳಲು ಬಂದೆ."

"ಬಿಚ್ಚಿದರೆ?"

"ನಾನೂ ಇಲ್ಲೇ ತೇಲಿಕೊಂಡಿರುತ್ತೇನೆ. ಬಿಚ್ಚದಿದ್ದರೆ ಕದ್ದದ್ದನ್ನೆಲ್ಲ ನೀನು ಬಿಟ್ಟುಕೊಡಬೇಕು."

ಮಾಂತ್ರಿಕ ಕೋಟೆಯೇ ಅದುರುವಂತೆ ನಕ್ಕು ಕಿರುಬೆರಳು ಚಾಚಿದ. ಸಂಕಿ ಅದರ ಸುತ್ತ ಕೆಂಪು ನೂಲನ್ನು ಬಳೆಯಂತೆ ಹರಡಿ, ಒಂದು ಹವಳದ ಮಣಿ ಏರಿಸಿ, ಗಂಟು ಹಾಕತೊಡಗಿದಳು.

ಮಾಂತ್ರಿಕ ಅವಳನ್ನು ಒಮ್ಮೆ ನೋಡಿದ. ಅವಳ ಜಡೆ ಬಿಚ್ಚಿ ಹರಡಿತು. ಅವಳು ಹೆಣೆಯುತ್ತಲೇ ಇದ್ದಳು.

ಎರಡನೆಯ ಸಲ ನೋಡಿದ. ಸೊಂಟದ ಚೀಲ ಬಿಚ್ಚಿ ಮಣಿಗಳೆಲ್ಲ ಚೆಲ್ಲಿಹೋದವು. ಅವಳು ಹೆಣೆಯುತ್ತಲೇ ಇದ್ದಳು.

ಮೂರನೆಯ ಸಲ ಕಣ್ಣಲ್ಲಿ ಕಣ್ಣಿಟ್ಟು ನೋಡಿ, "ಹುಡುಗಿ, ನಿನ್ನ ಹೆಸರೇನು?" ಎಂದ.

ಅವಳು ಬಾಯಿ ತೆರೆದಳು. ಹೆಸರಿರಲಿಲ್ಲ. ಕಿವಿಯೋಲೆ ಬಿದ್ದುಹೋದಂತೆ ಹೆಸರು ಬಿದ್ದುಹೋಗಿತ್ತು. ಊರು ಯಾವುದು? ತಿಳಿಯದು. ಮನೆಯಲ್ಲಿ ಯಾರಿದ್ದಾರೆ? ತಿಳಿಯದು. ಯಾಕೆ ಬಂದೆ? ಅದೂ ತಿಳಿಯದು. ತಲೆಯೊಳಗೆ ಬೂದುಬಣ್ಣದ ಬಯಲು ಮಾತ್ರ. ಅವಳಿಗೆ ಅಳು ಬಂತು, ಯಾರಿಗಾಗಿ ಅಳುತ್ತಿರುವೆನೆಂದೂ ತಿಳಿಯಲಿಲ್ಲ.

ಆದರೆ ಅಜ್ಜಿಯ ಹಾಡು ಇದ್ದದ್ದು ಬೆರಳುಗಳಲ್ಲಿ. ಮಾಂತ್ರಿಕ ತಲೆಯನ್ನು ನೋಡಿದ್ದ, ಬೆರಳನ್ನು ನೋಡಿರಲಿಲ್ಲ. ಲಾಳಿ ಮೇಲೆ ಹೋಯಿತು, ಕೆಳಗೆ ಬಂತು. ಹೋದ ನೂಲು ನೆಟ್ಟಗಾಯಿತು, ನಿಂತ ನೂಲು ಗಂಟಾಯಿತು. ಇಪ್ಪತ್ತು ಗಂಟು ಸಾಲಾಗಿ ಕೂತವು. ಕೈ ತಾನಾಗಿ ನಿಂತಿತು.

"ಮುಗಿಯಿತೋ?" ಎಂದ ಮಾಂತ್ರಿಕ. "ಕಟ್ಟಲು ಹೋದ ನೂಲೇ, ಸಡಿಲಾಗು!"

ಕಟ್ಟಲು ಹೋದ ನೂಲು ಮಾತು ಕೇಳಿತು. ಸಡಿಲಾಗಲು ನೋಡಿತು. ಆದರೆ ಅದು ಮೊದಲೇ ನೆಟ್ಟಗಿತ್ತು, ಬಿಚ್ಚಲು ಅದರಲ್ಲೇನೂ ಇರಲಿಲ್ಲ. ಮಾಂತ್ರಿಕ ಮತ್ತೆ ಕೂಗಿದ. ಹವಳದ ಮಣಿ ಮಾತ್ರ ಹೊಳೆಯಿತು. ಮೂರನೆಯ ಸಲ ಕೂಗಿ, ರೇಗಿ, ಆ ನೂಲಿನ ತುದಿಯನ್ನು ತಾನೇ ಹಿಡಿದು ಬಲವಾಗಿ ಎಳೆದ.

ಜಾಲರಿಯ ಉಂಗುರ ಮುಚ್ಚಿಕೊಳ್ಳುವುದೇ ಹಾಗೆ. ಎಳೆದಷ್ಟೂ ಸಾಲು ಬಾಗಿತು, ಗಂಟಿಗೆ ಗಂಟು ತಾಗಿತು, ಕಿರುಬೆರಳ ಸುತ್ತ ಕೆಂಪು ಉಂಗುರ ಬಿಗಿಯಾಗಿ ಕೂತಿತು.

ಕೋಟೆಯಲ್ಲಿ ಗಾಳಿ ನಿಂತಿತು. ಆಮೇಲೆ ಕೋಟಿ ಬೆಳಕುಗಳೂ ಒಟ್ಟಿಗೆ ಅಲುಗಿದವು. ಜೇನುನೊಣಗಳ ಹಿಂಡಿನಂತೆ ಗುಂಯ್‌ಗುಡುತ್ತ ಕಿಟಕಿಗಳಿಂದ ಹೊರಗೆ ಹಾರಿ, ಏಳು ಹೊಳೆಗಳ ಮೇಲೆ ಬೆಳಕಿನ ಎಂಟನೆಯ ಹೊಳೆಯಾಗಿ ಹರಿದವು. ಅವುಗಳ ಹಿಂದೆ ಸೈನಿಕರ ಸಾವಿರ ಹೆಸರುಗಳು, ನವಿಲಿನ ನೂರು ಕಣ್ಣುಗಳು. ಒಂದು ಹೆಸರು ಮಾತ್ರ ಬಾಗಿಲಲ್ಲೇ ತಿರುಗಿ ಅವಳ ಕಿವಿಯ ಬಳಿ ಬಂತು: ಸಂಕಿ.

"ಅಕ್ಕಾ!" ಎಂದಳು ಸಂಕಿ. ಎಲ್ಲವೂ ನೆನಪಾಯಿತು.

ಮಾಂತ್ರಿಕ ಕುಸಿದು ಕೂತಿದ್ದ. ಈಗ ಅವನು ಬಿಳಿಗಡ್ಡದ ಸಣ್ಣ ಮುದುಕ, ಅಷ್ಟೇ. ಸಂಕಿಗೆ ಪಾಪ ಎನಿಸಿತು. "ಬೆರಳು ನೋಯುತ್ತದೆಯೇ? ನೂಲು ಕತ್ತರಿಸಿ ತೆಗೆಯಲೇ?" ಎಂದಳು.

ಮುದುಕ ಕೈಯನ್ನು ಎದೆಗೆ ಒತ್ತಿಕೊಂಡ. "ಬೇಡ ತಾಯಿ, ತೆಗೆಯಬೇಡ. ಹುಟ್ಟಿದಾಗಿನಿಂದ ನನ್ನ ಬಳಿ ಯಾವುದೂ ನಿಲ್ಲಲಿಲ್ಲ. ತಾಯಿ ನಿಲ್ಲಲಿಲ್ಲ, ಗೆಳೆಯರು ನಿಲ್ಲಲಿಲ್ಲ. ನಿಂತದ್ದು ಇದೊಂದೇ."

ಸಂಕಿ ಚೆಲ್ಲಿದ ಮಣಿಗಳನ್ನು ಆಯ್ದುಕೊಂಡಳು. "ಹಾಗಾದರೆ ಏಳು. ನನಗೆ ಲಾಳಿಗೆ ನೂಲು ಸುತ್ತಿಕೊಡುವವರು ಬೇಕು" ಎಂದಳು. ಇಬ್ಬರನ್ನೂ ಮೋಡದ ಆನೆ ಬೆನ್ನಿಗೇರಿಸಿಕೊಂಡಿತು.

ಅವರು ಕುಂಕುಮಾವತಿಗೆ ಬಂದದ್ದು ಮರುದಿನ ಮಧ್ಯಾಹ್ನ. ಬಾವಿಗಳಿಂದ ತುಂಬಿದ ಕೊಡಗಳು ಮೇಲೇರುತ್ತಿದ್ದವು. ಮದುವೆಗೆ ಕಾದಿದ್ದ ಎಪ್ಪತ್ತು ಜೋಡಿಗಳಿಗೆ ಒಂದೇ ಚಪ್ಪರದಡಿ ತಾಳಿ ಬಿಗಿದಾಗಿತ್ತು. ಸೋಮಭೂಪ ಊರಬಾಗಿಲಿಗೆ ತಾನೇ ನಡೆದು ಬಂದಿದ್ದ. ಜಯಭೇರಿ ಹೊಡೆಯಲು ನೂರು ಜನ ಕೋಲೆತ್ತಿ ನಿಂತಿದ್ದರು.

ಆಗ ಒಬ್ಬ ಮುದುಕಿ ಓಡೋಡಿ ಬಂದು ರಾಜನ ಮುಂದೆ ಕೈ ಮುಗಿದಳು. "ಮಹಾಪ್ರಭು, ಭೇರಿ ಬೇಡ. ನಾಡಿನ ತಾಯಂದಿರೆಲ್ಲ ಕೂಸುಗಳನ್ನು ತೊಟ್ಟಿಲಿಗೆ ಹಾಕಿ ಈಗ ತಾನೇ ಕಣ್ಣು ಮುಚ್ಚಿದ್ದಾರೆ."

ರಾಜ ತುಟಿಯ ಮೇಲೆ ಬೆರಳಿಟ್ಟ. ಭೇರಿಯವರ ಕೈಯಿಂದ ಕೋಲುಗಳನ್ನು ಒಂದೊಂದಾಗಿ ತಾನೇ ತೆಗೆದು ನೆಲದ ಮೇಲಿಟ್ಟ, ಸದ್ದಾಗದಂತೆ. ನೂರು ಜನ, ಸಾವಿರ ಸೈನಿಕರು, ಎಪ್ಪತ್ತು ಜೋಡಿ ಮದುಮಕ್ಕಳು ಉಸಿರು ಬಿಗಿಹಿಡಿದು ನಿಂತರು. ಇಡೀ ರಾಜ್ಯದಲ್ಲಿ ಒಂದೇ ಸದ್ದು: ಸಾವಿರಾರು ತೊಟ್ಟಿಲುಗಳು ಒಟ್ಟಿಗೆ ಕಿರ್ರ್, ಕಿರ್ರ್ ಎಂದು ತೂಗುತ್ತಿದ್ದವು.

ಸಂಕಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ತುದಿಗಾಲಲ್ಲಿ ಮನೆಯೊಳಗೆ ಹೋದಳು. ಮುದ್ದಕ್ಕ ನೆಲದ ಮೇಲೆ ಕೈಕಾಲು ಚಾಚಿ ಮಲಗಿದ್ದಳು. ಅವಳ ಎರಡೂ ಅಂಗೈಗಳು ತೆರೆದುಕೊಂಡಿದ್ದವು.

ಮುದ್ದಕ್ಕ ಎದ್ದದ್ದು ಮೂರು ದಿನ ಕಳೆದ ಮೇಲೆ. ಅಲ್ಲಿಯವರೆಗೂ ಆ ನಾಡಿನಲ್ಲಿ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ. ಆಮೇಲೆ ಹಬ್ಬದೂಟ ಉಂಡರು, ತುಂಬು ಬಾಳು ಬಾಳಿದರು.