ಹೆಜ್ಜೆ ಬೀಳದ ಹುಲ್ಲು

ಕಾವಲಿಯ ಮೇಲೆ ರಾಗಿ ರೊಟ್ಟಿ ತಟ್ಟುತ್ತಿದ್ದ ಸುಗುಣ ಕಿಟಕಿಯಾಚೆ ಒಮ್ಮೆ ಕಣ್ಣು ಹಾಯಿಸಿದಳು. ಹಿತ್ತಲಿನ ಹುಲ್ಲುಹಾಸಿನ ಮೇಲೆ ಕಳೆಶೋಧಕ ತನ್ನ ಬೆಳಗಿನ ಸುತ್ತು ಹಾಕುತ್ತಿತ್ತು. ಊಟದ ತಟ್ಟೆಯನ್ನು ಬೋರಲು ಹಾಕಿದಷ್ಟೇ ಗಾತ್ರದ ಯಂತ್ರ. ಹೊಟ್ಟೆಯ ಕೆಳಗೆ ಸಣ್ಣ ಗಾಲಿಗಳು, ಮುಂದೆ ಒಂದು ಗಾಜಿನ ಕಣ್ಣು. ಮಗಳು ಇಂಚರ ಅದಕ್ಕೆ ಆಮೆ ಎಂದು ಹೆಸರಿಟ್ಟಿದ್ದಳು. ಆಮೆ ಎರಡು ಗೇಣು ಸರಿಯುವುದು, ನಿಲ್ಲುವುದು, ಕಣ್ಣಿನಿಂದ ಒಂದು ಎಳೆ ಬೆಳಕು ಬಿಡುವುದು, ಮತ್ತೆ ಸರಿಯುವುದು. ಬೆಳಕು ತಾಗಿದ ಕಡೆ ಒಂದು ಹುಲ್ಲಿನ ಎಸಳು ಸದ್ದಿಲ್ಲದೆ ಬಾಡುತ್ತಿತ್ತು.

ಎರಡು ವರ್ಷದಿಂದ ಹೀಗೇ ನಡೆದಿತ್ತು. ಆ ದಿನ ಮಾತ್ರ ಕಾಂಪೌಂಡಿನ ಮೂಲೆಗೆ ಹೋದ ಆಮೆ ನಿಂತೇಬಿಟ್ಟಿತು. ಆಮೇಲೆ ಗಂಟೆ ಬಾರಿಸತೊಡಗಿತು.

ಸುಗುಣ ಹಿಟ್ಟಿನ ಕೈಯಲ್ಲೇ ಹೊರಗೆ ಓಡಿದಳು. ಬಾಯಲ್ಲಿ ಬ್ರಷ್ ಕಚ್ಚಿಕೊಂಡ ಇಂಚರ ಆಗಲೇ ಮೆಟ್ಟಿಲ ಮೇಲೆ ನಿಂತಿದ್ದಳು.

"ಇಲ್ಲಿ ಹುಲ್ಲುಹಾಸಿಗೆ ಸೇರದ ಹುಲ್ಲು ಇದೆ," ಎಂದಿತು ಯಂತ್ರ, ಸೌಮ್ಯವಾದ ಹೆಣ್ಣುದನಿಯಲ್ಲಿ. "ಉಳಿಸಬೇಕೆ? ಉಳಿಸುವುದಾದರೆ ಕಾರಣ ಹೇಳಿ."

ಮೂಲೆಯಲ್ಲಿ ಮೊರದಷ್ಟು ಅಗಲದ ಜಾಗದಲ್ಲಿ ಕಾಡುರಾಗಿಯ ಹುಲ್ಲು ಹರಡಿಕೊಂಡಿತ್ತು. ಬೆರಳು ಬಿಡಿಸಿದಂತಹ ಪುಟ್ಟ ತೆನೆಗಳು. ಸುಗುಣ ಅದನ್ನು ನೋಡಿದಳು, ಮಗಳನ್ನು ನೋಡಿದಳು. 

"ಆಮೇಲೆ ಹೇಳ್ತೀನಿ," ಎಂದಳು.

"ಭಾನುವಾರದವರೆಗೆ ದಿನವೂ ಕೇಳುತ್ತೇನೆ," ಎಂದು ಹೇಳಿ ಆಮೆ ಹೊರಟುಹೋಯಿತು. ಒಳಗೆ ರೊಟ್ಟಿ ಸೀದ ವಾಸನೆ ಬಂತು.

ಹುಲ್ಲುಹಾಸಿನ ಕಳೆಯನ್ನು ತೆಗೆಯುವುದು ನೋಡುವಷ್ಟು ಸುಲಭವಲ್ಲ. ಅಗಲ ಎಲೆಯ ಗಿಡವಾದರೆ ಮಗುವೂ ಗುರುತಿಸಿ ಕೀಳುತ್ತದೆ. ಹುಲ್ಲಿನೊಳಗೆ ಬೆಳೆದ ಹುಲ್ಲನ್ನು ಹುಡುಕುವುದು ಕಷ್ಟ. ಗರಿಕೆ, ಕಾಡುರಾಗಿ ಎಲ್ಲವೂ ಹಾಸುಹುಲ್ಲಿನ ದಾಯಾದಿಗಳೇ. ಒಂದನ್ನು ಕೊಲ್ಲುವ ಮದ್ದು ಇನ್ನೊಂದನ್ನೂ ಕೊಲ್ಲುತ್ತದೆ. ಕತ್ತರಿಸಿದರೂ ಪ್ರಯೋಜನವಿಲ್ಲ. ಅವುಗಳ ಸುಳಿ ನೆಲಕ್ಕೆ ಅಂಟಿಕೊಂಡಿರುವುದರಿಂದ ಕತ್ತರಿಯ ಅಲಗು ಮೇಲೆಯೇ ಹಾದುಹೋಗುತ್ತದೆ. ಕಳೆಶೋಧಕ ಈ ತೊಡಕನ್ನು ಬಿಡಿಸಿತು. ಬೆಳಕು ಬಿದ್ದಾಗ ಪ್ರತಿ ಹುಲ್ಲೂ ಕಣ್ಣಿಗೆ ಕಾಣದ ಕೆಂಪು ಹೊಳಪೊಂದನ್ನು ಹಿಂದಿರುಗಿಸುತ್ತದೆ. ಜಾತಿಯಿಂದ ಜಾತಿಗೆ ಆ ಹೊಳಪು ಬೇರೆ. ಯಂತ್ರ ಅದನ್ನು ಓದಿ, ಬೇಡದ ಹುಲ್ಲಿನ ಸುಳಿಯನ್ನಷ್ಟೇ ಸೂಜಿಮೊನೆಯಷ್ಟು ಬಿಸಿಯಿಂದ ಸುಡುತ್ತದೆ. ಇದಕ್ಕೆ ಸುಳಿದೀಪ ಎಂದು ಹೆಸರು.

ಬೇಡದ್ದು ಯಾವುದು ಎಂದು ತಿಳಿಯುವುದು ಹೇಗೆ? ಒಬ್ಬರಿಗೆ ಕಳೆಯಾದ ಗರಿಕೆ ಇನ್ನೊಬ್ಬರಿಗೆ ಗಣಪತಿಗೆ ಬೇಕು. ಜನರನ್ನು ಕೇಳಿದರೆ ಹುಲ್ಲಿನ ಹೆಸರೇ ಅವರಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಯಂತ್ರ ಮನೆಯವರ ಕಾಲುಗಳನ್ನು ಗಮನಿಸುತ್ತಿತ್ತು. ಯಾರು ಎಲ್ಲಿ ತುಳಿಯುತ್ತಾರೆ, ಯಾವುದರ ಮುಂದೆ ನಿಲ್ಲುತ್ತಾರೆ, ಯಾವುದನ್ನು ಬಳಸಿ ಹೋಗುತ್ತಾರೆ, ಎಲ್ಲಕ್ಕೂ ಒಂದು ನಡೆನಕ್ಷೆ ಬರೆದುಕೊಂಡು, ಅವರಿಗೆ ಪ್ರಿಯವಾದುದನ್ನು ತಾನೇ ಊಹಿಸುತ್ತಿತ್ತು. ಸುಗುಣ ಯಾರಿಗೂ ಏನೂ ಹೇಳದೆ ಇದ್ದರೂ ಮೂಲೆಯ ಕಾಡುರಾಗಿ ಎರಡು ವರ್ಷ ಉಳಿದದ್ದು ಹೀಗೆ. ಈಗ ಬಡಾವಣೆಯ ಸಂಘ ಹೊಸ ನಿಯಮ ತಂದಿತ್ತು. ಒಂದು ಮನೆಯ ಕಳೆಯ ಬೀಜ ಹಾರಿ ಹತ್ತು ಮನೆಗೆ ಬೀಳುತ್ತದೆ. ಉಳಿಸಿಕೊಳ್ಳುವವರು ಬಾಯಿಬಿಟ್ಟು ಕಾರಣ ಹೇಳಬೇಕು. ಇಲ್ಲವಾದರೆ ಯಂತ್ರ ತನ್ನ ಕೆಲಸ ಮಾಡುತ್ತದೆ.

ಕಾರಣ ಸುಗುಣಳಿಗೆ ಗೊತ್ತಿತ್ತು. ಹೇಳುವಂತಿರಲಿಲ್ಲ.

ಇಂಚರ ಹುಟ್ಟುವ ಮೊದಲು ಅವಳಿಗೊಂದು ಗಂಡುಮಗು ಆಗಿತ್ತು. ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ ಅದು ಹೋಯಿತು. ಅವಳ ಗಂಡನ ಮನೆಯಲ್ಲಿ ಹಲ್ಲು ಬರುವ ಮುಂಚೆ ಹೋದ ಕೂಸಿಗೆ ಹಾಲು-ತುಪ್ಪ ಬಿಡುವುದಿಲ್ಲ, ತಿಥಿ ಇಲ್ಲ, ಕಲ್ಲು ನೆಡುವುದಿಲ್ಲ. ಮನೆಯ ಮಣ್ಣಿನಲ್ಲೇ ಇಟ್ಟರೆ ಅದೇ ಮಡಿಲಿಗೆ ತಿರುಗಿ ಬರುತ್ತದೆ ಎಂದು ಅವಳ ಅತ್ತೆ ಸಣ್ಣತಾಯಮ್ಮನವರು ನಂಬಿದ್ದರು. ಆಗಿನ್ನೂ ಹಿತ್ತಲು ಬರಿಯ ಮಣ್ಣು. ಬಾಣಂತಿ ಕೋಣೆ ದಾಟುವಂತಿರಲಿಲ್ಲ. ಮಗನನ್ನು ಕರೆದು ಎಲ್ಲಿ ಅಗೆಯಬೇಕೆಂದು ಹೇಳಿದವರು ಅತ್ತೆಯೇ. ಆಮೇಲೆ ಸೊಸೆಯ ತಲೆ ಸವರಿ, ಮೂಲೇಲಿ ಮಲಗಿಸಿದೀವಿ ಕಣವ್ವ, ಅಳಬೇಡ, ಅತ್ತರೆ ಬರೋ ದಾರಿ ಜಾರುತ್ತೆ ಅಂದಿದ್ದರು.

ಮರುವರ್ಷ ಇಂಚರ ಹುಟ್ಟಿದಳು. ಅತ್ತೆ ಅವಳನ್ನು ಎತ್ತಿಕೊಂಡು ಬೆನ್ನು, ಕಿವಿ, ಅಂಗಾಲು ಎಲ್ಲ ತಿರುಗಿಸಿ ನೋಡಿ, ಅವನೇ, ತಿರುಗಿ ಬಂದವ್ನೆ ಎಂದು ತೀರ್ಮಾನ ಕೊಟ್ಟರು. ಅಂದಿನಿಂದ ಮನೆಯಲ್ಲಿ ಆ ಮಾತು ನಿಂತಿತು. ಬಂದವಳನ್ನು ಕಣ್ಮುಂದೆ ಇಟ್ಟುಕೊಂಡು ಹೋದವನ ಮಾತೆತ್ತಬಾರದು, ಎತ್ತಿದರೆ ಇವಳೂ ಎದ್ದು ಹೋಗುತ್ತಾಳೆ ಎಂದು ಅತ್ತೆ ಹೇಳಿದ್ದರು. ಸುಗುಣ ಓದಿದವಳು. ಹಾಗೆಲ್ಲ ಆಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಇಂಚರಳಿಗೆ ಮೈ ಬಿಸಿಯಾದಾಗಲೆಲ್ಲ, ತಾನು ಮನಸ್ಸಿನಲ್ಲಿ ಅವನನ್ನು ನೆನೆದೆನೇ ಎಂದು ಹೆದರುತ್ತಿದ್ದಳು. ಅತ್ತೆ ತೀರಿಕೊಂಡರು, ಹೆದರಿಕೆ ಉಳಿಯಿತು. ಹುಲ್ಲುಹಾಸು ಬಂದಾಗ ಮೂಲೆಯಲ್ಲಿ ತಾನಾಗಿ ಎದ್ದ ಕಾಡುರಾಗಿಗೆ ಅವಳು ಅಕ್ಕಿ ತೊಳೆದ ನೀರು ಹಾಕತೊಡಗಿದಳು. ಅಲ್ಲಿ ಕಾಲಿಡುತ್ತಿರಲಿಲ್ಲ.

ಮರುದಿನ ಯಂತ್ರ ಮತ್ತೆ ಕೇಳಿದಾಗ, ಔಷಧಿಗೆ ಬೇಕು ಎಂದು ಸುಳ್ಳು ಹೇಳಿದಳು.

"ಈ ಹುಲ್ಲನ್ನು ಯಾರೂ ಒಮ್ಮೆಯೂ ಕಿತ್ತಿಲ್ಲ," ಎಂದಿತು ಅದು. "ಕಾರಣ ಹೊಂದುತ್ತಿಲ್ಲ."

"ಏ ಆಮೆ, ನಮ್ಮ ಮಿಸ್ ಥರ ಆಡಬೇಡ," ಎಂದು ಇಂಚರ ಗದರಿದಳು. ಅಮ್ಮನ ಮುಖ ನೋಡಿ ಒಳಗೆ ಹೋದಳು.

ಯಂತ್ರವನ್ನು ರೂಪಿಸಿದ ತಂಡದ ಡಾ. ಗವಿರಂಗಯ್ಯನವರು ಅದೇ ಬಡಾವಣೆಯಲ್ಲಿದ್ದರು. ತೆಳ್ಳಗಿನ, ನಗುಮುಖದ ಮನುಷ್ಯ. ಯಾರ ಮನೆಯ ಆಮೆ ಕೆಟ್ಟರೂ ತಾವೇ ಸ್ಪ್ಯಾನರ್ ಹಿಡಿದು ಬರುವವರು. ಸುಗುಣ ಅವರಿಗೆ ಹೇಳಿಕಳಿಸಿದ್ದು ಇಷ್ಟೇ: ಒಂದು ಹುಲ್ಲನ್ನು ಕಾರಣ ಕೇಳದೆ ಉಳಿಸುವ ಹಾಗೆ ಮಾಡಿಕೊಡಬೇಕು. ಶನಿವಾರ ಮಧ್ಯಾಹ್ನ ಅವರು ಬಂದರು. ಇಂಚರ ಸೀಬೆ ಮರದ ಕೆಳಗೆ ಆಡುತ್ತಿದ್ದಳು. ಕಾಫಿ ಕುಡಿಯುತ್ತಾ ಅವರು ಕಾಡುರಾಗಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತರು.

"ನಮ್ಮ ಯಂತ್ರಕ್ಕೆ ಎಲ್ಲಾ ಕಲಿಸಿದ್ವಿ ತಾಯಿ. ಸುಮ್ಮನಿರೋದೊಂದು ಕಲಿಸಲಿಲ್ಲ," ಎಂದರು. "ಕೇಳೋದಕ್ಕೆ ಕಾರಣ ಇದೆ. ಇದಕ್ಕೆ ಈ ಮೂಲೆ ಬಗ್ಗೆ ಅನುಮಾನ. ಮನೇಲಿ ದೊಡ್ಡವರು ಇಬ್ಬರು. ಅದರಲ್ಲಿ ಒಬ್ಬರು ಇದನ್ನ ಬಳಸಿ ಹೋಗ್ತಾರೆ, ಇನ್ನೊಬ್ಬರು ತುಳಿದುಕೊಂಡೇ ಹೋಗ್ತಾರೆ. ಯಾರ ಮಾತು ಕೇಳಬೇಕು ಅಂತ ಅದಕ್ಕೆ ತಿಳೀತಿಲ್ಲ."

 ತುಳಿದುಕೊಂಡು ಹೋಗುವುದು ಯಾರು ಎಂದು ಸುಗುಣ ಕೇಳಿದಳು.

ಗವಿರಂಗಯ್ಯನವರು ಚೀಲದಿಂದ ಅಂಗೈ ಅಗಲದ ಫಲಕ ತೆಗೆದು ಅವಳ ಮುಂದೆ ಹಿಡಿದರು. ಹಿತ್ತಲಿನ ಚಿತ್ರದ ಮೇಲೆ ಮೂರು ಬಣ್ಣದ ಗೆರೆಗಳು ಒತ್ತೊತ್ತಾಗಿ ಹರಿದಿದ್ದವು. ಹಸಿರು ಅವಳದು, ನೀಲಿ ಗಂಡ ಮೂಡಲಗಿರಿಯದು, ಹಳದಿ ಮಗುವಿನದು ಎಂದು ವಿವರಿಸಿದರು. ನೀಲಿ ಗೆರೆ ಮೂಲೆಯ ಕಾಡುರಾಗಿಯ ಮೇಲೆ ಸಲೀಸಾಗಿ ಹಾದುಹೋಗಿತ್ತು, ಅಲ್ಲಿ ಏನೂ ಇಲ್ಲವೆಂಬಂತೆ.

"ಯಜಮಾನರದ್ದು ಇನ್ನೊಂದು ವಿಚಿತ್ರ ಇದೆ ನೋಡಿ," ಎಂದರು ಅವರು, ತಮ್ಮ ಯಂತ್ರದ ಚುರುಕಿಗೆ ತಾವೇ ಮೆಚ್ಚಿಕೊಂಡು. "ಹುಲ್ಲಿನ ನಡುವೆ, ಬಟ್ಟೆ ತಂತಿಯ ಹತ್ತಿರ, ಈ ಜಾಗ. ಇಲ್ಲಿ ಕಳೆ ಇಲ್ಲ, ಗಿಡ ಇಲ್ಲ, ಬರೀ ಹುಲ್ಲು. ಎರಡು ವರ್ಷದಲ್ಲಿ ಅವರು ಒಂದು ಸಲವೂ ಕಾಲಿಟ್ಟಿಲ್ಲ. ಕೆಳಗೆ ಪೈಪ್ ಏನಾದರೂ ಇದೆಯಾ?"

ನೀಲಿ ಗೆರೆಗಳೆಲ್ಲ ಆ ಜಾಗಕ್ಕೆ ಬಂದು, ಹೊಳೆಯ ನೀರು ಬಂಡೆಯನ್ನು ಬಳಸುವಂತೆ ಎರಡಾಗಿ ಒಡೆದು, ಆಚೆ ಮತ್ತೆ ಕೂಡಿಕೊಂಡಿದ್ದವು. ನಡುವೆ ನೀಲಿ ತಾಗದೆ ಉಳಿದ ಜಾಗ ಬಹಳ ಚಿಕ್ಕದು. ಒಂದು ಕೂಸಿನಷ್ಟು.

ಆ ಜಾಗದ ಮೇಲೆ ಹಸಿರು ಗೆರೆಗಳು ಮಾತ್ರ ಇದ್ದವು. ದಿನವೂ ಒದ್ದೆ ಬಟ್ಟೆಯ ಬಕೆಟ್ ಹಿಡಿದು ಹೋದ ಗೆರೆ, ಒಣಗಿದ್ದನ್ನು ತೆಗೆದುಕೊಂಡು ಬಂದ ಗೆರೆ. ಒಂದರ ಮೇಲೊಂದು ಬಿದ್ದು ಹಸಿರು ಕಪ್ಪಾಗಿತ್ತು.

"ಪೈಪ್ ಇಲ್ಲ," ಎಂದಳು ಸುಗುಣ.

ಅವಳ ದನಿ ಕೇಳಿ ಗವಿರಂಗಯ್ಯನವರು ತಲೆಯೆತ್ತಿದರು. ಏನೋ ತಪ್ಪಿತೆಂದು ಅವರಿಗೆ ಹೊಳೆಯಿತು, ಏನೆಂದು ತಿಳಿಯಲಿಲ್ಲ. ಮಾತು ಬದಲಿಸಲು, ಮಗು ಮಾತ್ರ ಎರಡೂ ಕಡೆ ಸುತ್ತು ಹಾಕಿಕೊಂಡು ಓಡಾಡುತ್ತದೆ, ಏನೋ ಆಟ ಇರಬೇಕು ಎಂದರು. ಸುಗುಣ ಹಳದಿ ಗೆರೆಯನ್ನು ನೋಡಿದಳು. ಅದು ಮೂಲೆಯನ್ನೂ ಬಳಸಿತ್ತು, ನಡುವಿನ ಜಾಗವನ್ನೂ ಬಳಸಿತ್ತು. ಕುಂಟೆಬಿಲ್ಲೆ ಆಡಿದ ದಿನವೂ, ಮಳೆಯಲ್ಲಿ ಒಳಗೆ ಓಡಿಬಂದ ದಿನವೂ.

ಅವರು ಕಪ್ಪನ್ನು ಮೆಲ್ಲಗೆ ಕೆಳಗಿಟ್ಟು ಎದ್ದರು. "ಯಾವ ಹುಲ್ಲು ಬೇಕು ಅಂತ ತಿಳಿಯೋಕೆ ಇದನ್ನ ಮಾಡಿದ್ವಿ ತಾಯಿ. ಬೇರೆ ಏನಕ್ಕೂ ಅಲ್ಲ," ಎಂದು ತಗ್ಗಿದ ದನಿಯಲ್ಲಿ ಹೇಳಿ, ಬಾಗಿಲ ಕಡೆ ನಡೆದರು. ಹೋಗುವಾಗ ಅವರೂ ಆ ಜಾಗವನ್ನು ಬಳಸಿಕೊಂಡು ಹೋದರು.

ಬಸ್ ಡಿಪೋದಿಂದ ಮೂಡಲಗಿರಿ ಸಂಜೆ ಬಂದಾಗ ಹೆಂಡತಿ ಹಿತ್ತಲ ಹುಲ್ಲಿನ ಮೇಲೆ ಕುಳಿತಿದ್ದಳು. ಅವಳು ಎಲ್ಲಿ, ಯಾವುದರ ಅಂಚಿನಲ್ಲಿ ಕುಳಿತಿದ್ದಾಳೆಂದು ನೋಡಿದ ಕೂಡಲೇ ಅವನ ಕಾಲು ನಿಂತಿತು. ಊಟದ ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟು ಬಂದು, ಅವಳ ಎದುರಿಗೆ, ಆ ಕಡೆಯ ಅಂಚಿನಲ್ಲಿ ಕುಳಿತ. ಇಬ್ಬರ ನಡುವೆ ಅಷ್ಟು ಹುಲ್ಲು.

"ಮೂಲೇಲಿ ಅಂದಿದ್ರು ಅತ್ತೆ," ಎಂದಳು ಸುಗುಣ.

"ಮೂಲೇಲೇ ಅಗೆದೆ ಮೊದಲು. ಕೆಳಗೆ ಬಂಡೆ ಸಿಕ್ತು." ಅವನು ಹುಲ್ಲನ್ನೇ ನೋಡುತ್ತಿದ್ದ. "ಅವ್ವ ಒಳಗೆ ಹೋಗಿತ್ತು. ಮಗೀನ ತೊಡೆ ಮೇಲೆ ಹಾಕ್ಕೊಂಡು ಒಂದು ಗಳಿಗೆ ಕೂತೆ. ಆಮೇಲೆ ಇಲ್ಲಿ ಮಣ್ಣು ಮೆತ್ತಗಿತ್ತು. ಇಲ್ಲಿ ಮಾಡ್ದೆ."

"ನಾನು ದಿನಾ ಇದರ ಮೇಲೇ ಓಡಾಡಿದೀನಿ."

"ನೋಡ್ತಿದ್ದೆ."

"ಒಂದು ಮಾತು ಹೇಳಬಾರದಿತ್ತಾ?"

ಅವನು ಹುಲ್ಲಿನ ಅಂಚನ್ನು ಅಂಗೈಯಿಂದ ಸವರಿದ. ಹೇಳಬೇಕೆಂದುಕೊಂಡಾಗಲೆಲ್ಲ ಇಂಚರ ಎದುರಿಗಿರುತ್ತಿದ್ದಳು; ಅವ್ವ ಅಂದ ಮಾತು ನೆನಪಾಗುತ್ತಿತ್ತು. ಹೊರಗೆ ಎಲ್ಲರಿಗೂ ಧೈರ್ಯ ಹೇಳುವ ಗಂಡಸು, ಇಷ್ಟಕ್ಕೆ ಹೆದರಿದ್ದ. ಕೊನೆಗೆ, "ತಾಯಿ ತುಳಿದರೆ ಮಗೀಗೆ ನೋಯಲ್ಲ ಅಂದ್ಕೊಂಡೆ," ಎಂದ.

ಆಗ ಸುಗುಣ ಅತ್ತಳು. ಬಾಣಂತನದಲ್ಲಿ ತಡೆದು ನಿಲ್ಲಿಸಿದ್ದ ಅಳು ಅದು. ಎಷ್ಟು ಹೊತ್ತಾದರೂ ಮುಗಿಯಲಿಲ್ಲ. ಅವನು ಅಳಬೇಡ ಅನ್ನಲಿಲ್ಲ.

ಸಂಜೆಯ ಸುತ್ತಿಗೆ ಹೊರಟ ಆಮೆ ಮೂಲೆಗೆ ಹೋಗಿ ನಿಂತು ಗಂಟೆ ಬಾರಿಸಿತು. ಉಳಿಸಬೇಕೆ ಎಂದು ಕೇಳಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಆ ಕಡೆ ನೋಡಿದಳು. ಇಷ್ಟು ದಿನ ಮಗುವೆಂದುಕೊಂಡು ಸಲಹಿದ್ದು, ಗಾಳಿಗೆ ಬಂದು ಬಿದ್ದ ಬೀಜ. ಕೆಳಗೆ ಬಂಡೆ.

"ಬೇಡ, ತೆಗಿ," ಎಂದಳು.

"ತಡಿ," ಎಂದ ಮೂಡಲಗಿರಿ. ಎದ್ದು ಹೋಗಿ ಯಂತ್ರಕ್ಕೆ ಅಡ್ಡ ನಿಂತ. "ಇರ್ಲಿ ಅದು."

"ಕಾರಣ ಹೇಳಿ."

"ನನ್ನ ಹೆಂಡತಿ ಅದಕ್ಕೆ ನೀರು ಹಾಕವ್ಳೆ."

ಯಂತ್ರ ಒಂದು ಕ್ಷಣ ಸುಮ್ಮನಿತ್ತು. ತನ್ನ ಎರಡು ವರ್ಷದ ನೆನಪನ್ನು ತಿರುವಿ ನೋಡಿತೋ ಏನೋ. "ನಿಜ," ಎಂದಿತು. "ಕಾರಣ ಹೊಂದುತ್ತದೆ." ಮತ್ತೆ ಗಾಲಿ ಉರುಳಿಸಿಕೊಂಡು ಹೊರಟಿತು.

ಮೆಟ್ಟಿಲ ಮೇಲೆ ಇಂಚರ ನಿಂತಿದ್ದಳು. ಯಾವಾಗಿನಿಂದ ನಿಂತಿದ್ದಳೋ ಇಬ್ಬರೂ ನೋಡಿರಲಿಲ್ಲ. ಸುಗುಣ ಗಾಬರಿಯಿಂದ ಏಳಹೋದಳು; ಕಾಲು ಜೋಮು ಹಿಡಿದಿತ್ತು. ಮಗಳು ಇಳಿದು ಬಂದಳು. ಹುಲ್ಲಿನ ನಡುವೆ ನೇರವಾಗಿ ಬರದೆ ದೂರದಿಂದ ಸುತ್ತಿಕೊಂಡು ಬಂದು, ಅಮ್ಮನ ಹಿಂದೆ ನಿಂತು ಅವಳ ಭುಜದ ಮೇಲೆ ಗಲ್ಲ ಊರಿದಳು. ಬೆಚ್ಚಗಿನ ಉಸಿರು ಸುಗುಣಳ ಕೆನ್ನೆಗೆ ತಾಗುತ್ತಿತ್ತು. ತಿರುಗಿ ಬಂದ ಕೂಸು ನೀನು ಎಂದು ಅಜ್ಜಿ ತಲೆ ಬಾಚುವಾಗ ಗುಟ್ಟಾಗಿ ಕಿವಿಯಲ್ಲಿ ಹೇಳುತ್ತಿದ್ದ ಮಾತುಗಳು, ಅಪ್ಪ ಬಳಸಿ ನಡೆಯುವ ಜಾಗ, ಅಮ್ಮ ನೀರು ಹಾಕುವ ಜಾಗ, ಎಲ್ಲವನ್ನೂ ಅವಳು ಯಾರನ್ನೂ ಕೇಳದೆ ಇಷ್ಟು ದಿನ ಒಬ್ಬಳೇ ಹೊತ್ತುಕೊಂಡಿದ್ದಳು.

"ಅಮ್ಮಾ," ಎಂದಳು ಮೆಲ್ಲಗೆ. "ಅಲ್ಲಿ ಮಲಗಿರೋದು ನಾನೇನಾ?"