ಮೂರು ಬೆರಳು ಕೊಬ್ಬು

ನಾನು ಕತ್ತಿ ಎತ್ತಿದರೆ ಮೂರ್ನಾಡಿನ ಹಂದಿಗಳಷ್ಟೇ ಅಲ್ಲ, ಮಡಿಕೇರಿಯ ಬಿಳಿ ದೊರೆಗಳೂ ಬಾಲ ಮುದುರಿಕೊಳ್ಳುತ್ತಿದ್ದರು. ಅಂಥ ಈ ಚಿನ್ನಿಯ ಮಾಂಸದಂಗಡಿ ಮುಚ್ಚಿಸಲು ಒಬ್ಬ ಸ್ಯಾನಿಟರಿ ಇನ್ಸ್‌ಪೆಕ್ಟರ್ ಬಂದ!

"ಹೋದ ಸಂತೆಯಲ್ಲಿ ಪರೀಕ್ಷೆಗೆಂದು ಬಾಟ್ಲಿಯಲ್ಲಿ ಒಯ್ದ ತುಂಡಿನಲ್ಲಿ ಕ್ರಿಮಿ ಸಿಕ್ಕಿದೆ. ಇನ್ನೊಂದು ಸಲ ಸಿಕ್ಕರೆ ಲೈಸೆನ್ಸ್ ರದ್ದು," ಎಂದ. ಹೆಸರು ನಾಣಯ್ಯ. ಮೀಸೆ ನೆಟ್ಟಗಿತ್ತು, ಕಣ್ಣು ಮಾತ್ರ ನೆಟ್ಟಗಿರಲಿಲ್ಲ. ಮಾಂಸ ಬಿಟ್ಟು ನನ್ನ ಮೂಗುತಿಯನ್ನೇ ಪರೀಕ್ಷಿಸುತ್ತಿತ್ತು.

ಹಾಸಿಗೆ ಹಿಡಿದ ಅಪ್ಪಯ್ಯ ನನ್ನನ್ನು ನಂಬಿ ಬಿಟ್ಟುಕೊಟ್ಟ ಅಂಗಡಿ ಅದು. ನನಗೆ ಬಂದ ಸಿಟ್ಟಿಗೆ ಕಾವೇರಿ ಹೆದರಿ ಹಿಂದಕ್ಕೆ ಹರಿದಳು.

"ಕ್ರಿಮಿ ಇರೋದು ನಿಮ್ಮ ಬಾಟ್ಲಿಯಲ್ಲಿ, ಇನ್ಸ್‌ಪೆಕ್ಟ್ರೇ!"

"ಬಾಟ್ಲಿ ಕುದಿಸಿಯೇ ತಂದಿದ್ದೆ. ಬರುವ ಸಂತೆಗೆ ನಿಮ್ಮೆದುರೇ ಇನ್ನೊಮ್ಮೆ ಕೊಯ್ಯುತ್ತೇನೆ. ಸಿಟ್ಟು ಇಳೀತದಾ?"

"ನಿಮ್ಮನ್ನೇ ಕೊಯ್ದರೆ ಇಳೀತದೆ."

ನಕ್ಕ. ನಗುವುದಕ್ಕೇನಿತ್ತು? ಕೆನ್ನೆಯಲ್ಲಿ ಗುಳಿ ಬೇರೆ! ನನ್ನ ಸಿಟ್ಟು ನೂರ್ಮಡಿಯಾಯಿತು.

ಮುಂದಿನ ಸಂತೆಗೆ ಬಂದ. ಕುದಿಸಿದ ಚೂರಿ, ಕುದಿಸಿದ ಚಿಮಟ, ಕುದಿಸಿದ ಬಾಟ್ಲಿ. ಎಲ್ಲ ಜೋಡಿಸಿಟ್ಟು, ತೂಗುಹಾಕಿದ ತೊಡೆಯ ಕೊಬ್ಬಿಗೆ ಬೆರಳು ಒತ್ತಿ ಗೊಣಗಿದ: "ಮೂರು ಬೆರಳು. ಭೇಷ್!"

ನನ್ನ ಕೂಗಿಗೆ ಗೋಣಿಕೊಪ್ಪಲಿನಲ್ಲಿ ತೆಂಗಿನಕಾಯಿ ಉದುರಿದವಂತೆ. "ಸಿಕ್ಕಿಬಿದ್ರಿ! ಆ ಬೆರಳು ಕುದಿಸಿದ್ರಾ?"

ನಾಣಯ್ಯನ ಮುಖ ಕೆಂಪಾಯಿತು. ಕೊಡಗಿನಲ್ಲಿ ಹುಟ್ಟಿದವನು ಕೊಬ್ಬು ಎಷ್ಟು ಬೆರಳು ದಪ್ಪವೆಂದು ಒತ್ತಿ ನೋಡದೆ ಹಂದಿಯನ್ನು ದಾಟಿ ಹೋಗುವುದುಂಟೇ? ಟೋಪಿ ಸರ್ಕಾರದ್ದಾದರೂ ಬೆರಳು ಊರಿನದೇ.

"ಹೋದ ಸಲವೂ ಒತ್ತಿದ್ದೆ," ಎಂದ ಮೆಲ್ಲಗೆ. "ಆದರೆ ಚಿನ್ನಮ್ಮ, ಬೆಳಗ್ಗಿಂದ ಊರೆಲ್ಲ ಒತ್ತಿದೆ. ನೀವೂ ಒತ್ತಿ ಒತ್ತಿ ತೋರಿಸ್ತೀರಿ."

ನಿಜ ಹೇಳುವ ಗಂಡಸಿನ ಮೇಲೆ ಬರುವಷ್ಟು ಸಿಟ್ಟು ಸುಳ್ಳುಗಾರನ ಮೇಲೆ ಬರುವುದಿಲ್ಲ. ಕತ್ತಿ ಕುದಿಸಿದೆ, ಮೊಣಕೈವರೆಗೆ ತಿಕ್ಕಿ ತೊಳೆದೆ, ಒಳಗಿಂದ ಹೊಸ ತೊಡೆ ತಂದು ನೇತುಹಾಕಿದೆ. "ಇನ್ನು ಯಾರಾದರೂ ಬೆರಳು ಇಟ್ಟರೆ ಬೆರಳನ್ನೇ ತೂಗಿ ಮಾರ್ತೇನೆ!" ಎಂದು ಇಡೀ ಸಂತೆಗೆ ಸಾರಿದೆ. ನಾಣಯ್ಯ ಕೈ ಸೋಕಿಸದೆ ಒಂದು ತುಂಡು ಕೊಯ್ದು ಬಾಟ್ಲಿಗೆ ಹಾಕಿಕೊಂಡು ಹೋದ.

ಆಮೇಲಿನ ಒಂದೊಂದು ದಿನವೂ ಒಂದೊಂದು ಯುಗ. ಕಾದದ್ದು ಅಂಗಡಿಗಾಗಿ. ಗುಳಿಗಾಗಿ ಎಂದವರ ನಾಲಿಗೆ ಕೊಯ್ದೇನು!

ಕೊನೆಗೆ ಬಂದ. ಟೋಪಿಯಿಲ್ಲ, ಎರಡೂ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಮಾಂಸ ಚೊಕ್ಕವಾಗಿದೆ. ಲೈಸೆನ್ಸ್ ಉಳೀತು."

"ಮತ್ತೆ ಕೈ ಯಾಕೆ ಒದ್ದೆ?"

ಅಂಗೈ ಚಾಚಿ, ಮಗುಚಿ ಮಗುಚಿ ತೋರಿಸಿದ. "ಬಿಸಿನೀರು, ಸೋಪು ಹಾಕಿ ತೊಳೆದೆ. ಈಗ ಮುಟ್ಟಬಹುದಾ?"

"ಹಂದಿಯನ್ನಾ?" ಗುಡುಗಿದೆ.

"ಅಲ್ಲ."

ಭೂಮಿ ಹುಟ್ಟಿದ ಮೇಲೆ ಮೊದಲ ಬಾರಿಗೆ ನಾನು ಕತ್ತಿ ಕೆಳಗಿಟ್ಟೆ.

"ತಡೀರಿ," ಎಂದೆ, ಸಿಟ್ಟಿನಲ್ಲೇ. "ನಾನೂ ತೊಳ್ಕೊಂಡು ಬರ್ತೇನೆ."