ಸದ್ದಡಗಿದ ಹೆಬ್ಬಾತು

ಹದಿನೈದು ವರ್ಷದ ಹಿಂದೆ ಬಸವರಾಜ ಮಗಳಿಗೆ ಒಂದು ಮಾತು ಕೊಟ್ಟಿದ್ದ. ಯಮುನೆಯ ಬ್ಯಾರೇಜಿನ ಮೇಲೆ ಅವರ ಬಸ್ಸು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತ್ತು. ಹೆಬ್ಬಾತುಗಳ ಉದ್ದನೆಯ ಸಾಲೊಂದು ಉತ್ತರದ ಕಡೆ ಹಾರುತ್ತಿತ್ತು. ಕಿಟಕಿಗೆ ಮೂಗು ಒತ್ತಿಕೊಂಡಿದ್ದ ಆರು ವರ್ಷದ ಪ್ರಕೃತಿ ಕೇಳಿದಳು.

“ಎಲ್ಲಿಗೆ ಹೋಗ್ತವೆ ಅಪ್ಪಾ?”

“ನಂಗೊತ್ತಿಲ್ಲ ಪುಟ್ಟಿ. ಆದ್ರೆ ಒಂದಿನ ಖಂಡಿತ ತಿಳ್ಕೊಂಡು ಹೇಳ್ತೀನಿ.”

ಈಗ 2006ರ ಮಾರ್ಚ್. ಶನಿವಾರ ಬೆಳಿಗ್ಗೆ. ಬಸವರಾಜ ಆಗಷ್ಟೇ ರಾತ್ರಿಪಾಳಿ ಮುಗಿಸಿ ಆರ್.ಕೆ.ಪುರಂನ ಕ್ವಾರ್ಟರ್ಸಿಗೆ ಬಂದಿದ್ದ. ಕೇಂದ್ರ ಪೊಲೀಸ್ ಪಡೆಯೊಂದರ ವೈರ್‌ಲೆಸ್ ವಿಭಾಗದಲ್ಲಿ ಅವನು ಸಬ್ ಇನ್ಸ್‌ಪೆಕ್ಟರ್. ಹೆಂಡತಿ ಇಂದಿರಾ ಕೊಟ್ಟ ಚಹಾ ಇನ್ನೂ ಬಿಸಿಯಾಗಿತ್ತು. ಫೋನು ಹೊಡೆದುಕೊಂಡಿತು.

“ಅಪ್ಪಾ, ನಮ್ಮ ಹೆಬ್ಬಾತನ್ನ ಯಾರೋ ಮಾರ್ ಡಾಲಾ, ಕೊಂದ್ಬಿಟ್ರು!” ಪ್ರಕೃತಿ ಅಳುತ್ತಿದ್ದಳು. “ಎಲ್ಲಾ ಕಡೆ ರಕ್ತ. ಪ್ಲೀಸ್ ಬಾ.”

ಚಹಾ ಅಲ್ಲೇ ಉಳಿಯಿತು.

* * *

ಬ್ಯಾರೇಜಿನ ಹಿಂದಿನ ಹಿನ್ನೀರು. ದಡದಲ್ಲಿ ಆಳೆತ್ತರದ ಜೊಂಡು. ಅದರಾಚೆ ಕಲ್ಲಂಗಡಿ ಹೊಲ. ಎರಡರ ನಡುವಿನ ಹುಲ್ಲಿನ ಮೇಲೆ ರಕ್ತದ ಮಡು, ಸುತ್ತ ಬೂದು ಬಣ್ಣದ ಪುಕ್ಕಗಳು.

ಪ್ರಕೃತಿ ಪಕ್ಷಿವಿಜ್ಞಾನದ ಎಂ.ಎಸ್ಸಿ. ವಿದ್ಯಾರ್ಥಿನಿ. ಅವಳ ಜೊತೆಗಾರ ಅನೂಪ್ ಸಂಪರ್ಕ ಇಂಜಿನಿಯರಿಂಗಿನವನು. ಕ್ವಾರ್ಟರ್ಸಿನಲ್ಲಿ ಒಟ್ಟಿಗೇ ಬೆಳೆದ ಮಕ್ಕಳು. ಎರಡು ಚಳಿಗಾಲ ಬಲೆ ಹಾಕಿ ಅವರು ಹಿಡಿದದ್ದು ಒಂದೇ ಒಂದು ಪಟ್ಟೆತಲೆ ಹೆಬ್ಬಾತು. ಅನೂಪ್ ಮಾಡಿದ ಪುಟ್ಟ ಟ್ರಾನ್ಸ್‌ಮಿಟರನ್ನು ಪಟ್ಟಿ ಹಾಕಿ ಅದರ ಬೆನ್ನಿಗೆ ಕಟ್ಟಿದ್ದರು. ಅದು ‘ಟಿಕ್, ಟಿಕ್’ ಎನ್ನುತ್ತಿದ್ದರೆ ಹಕ್ಕಿ ಎಲ್ಲಿದೆಯೆಂದು ರಿಸೀವರಿನಲ್ಲಿ ಕೇಳಿ ತಿಳಿಯಬಹುದು. ಲಡಾಖಿನ ಕೆರೆಯೊಂದರ ಬಳಿ ಗೆಳತಿ ಲಾವಣ್ಯಾ ಇನ್ನೊಂದು ರಿಸೀವರ್ ಇಟ್ಟುಕೊಂಡು ಕಾಯುವವಳಿದ್ದಳು. ಅಲ್ಲಿ ಸದ್ದು ಕೇಳಿಸಿದರೆ, ಹಕ್ಕಿ ಹೋದದ್ದೆಲ್ಲಿಗೆ ಎಂಬುದು ಗೊತ್ತಾಗುತ್ತಿತ್ತು.

“ನಿನ್ನೆ ಸಂಜೆಯಿಂದ ಸಿಗ್ನಲ್ಲೇ ಇಲ್ಲ ಅಂಕಲ್,” ಎಂದ ಅನೂಪ್. ಅವನ ಮುಖ ಬಿಳಿಚಿಕೊಂಡಿತ್ತು. “ಸಿಗ್ನಲ್ ಕೊನೆಗೆ ಬಂದದ್ದು ಆ ಗುಡಿಸಿಲಿನ ಕಡೆಯಿಂದ.”

ಗುಡಿಸಿಲು ಕಲ್ಲಂಗಡಿ ಬೆಳೆಯುವ ರಾಮ್‌ಸೇವಕನದು. ಪೊಲೀಸರು ಆಗಲೇ ಹುಡುಕಿದ್ದರು. ಚೀಲವೊಂದರ ತುಂಬ ಬಾತಿನ ಪುಕ್ಕ ಸಿಕ್ಕಿತ್ತು. ಮುದುಕನನ್ನು ಜೀಪಿಗೆ ಹತ್ತಿಸಿದ್ದರು.

“ಕೇಸು ಮುಗೀತಲ್ಲ,” ಎಂದ ಠಾಣೆಯ ಸಬ್ ಇನ್ಸ್‌ಪೆಕ್ಟರ್ ಮಲಿಕ್. “ನಾಳೆ ಸಂಜೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರು ಮಾಡ್ತೀವಿ. ವನ್ಯಜೀವಿ ಕಾಯ್ದೆ ಸಾಹಬ್, ಜಾಮೀನು ಸುಲಭ ಅಲ್ಲ.”

ಬಸವರಾಜ ಕುಕ್ಕರಗಾಲಲ್ಲಿ ಕುಳಿತು ಪುಕ್ಕಗಳನ್ನು ಒಂದೊಂದಾಗಿ ಎತ್ತಿ ನೋಡಿದ.

“ಪುಟ್ಟಿ, ಇಲ್ನೋಡು. ಹುಲ್ಲೆಲ್ಲ ರಕ್ತ. ಪುಕ್ಕದ ಮೇಲೆ?”

ಪ್ರಕೃತಿ ಬಗ್ಗಿದಳು. “ಒಂದು ಹನೀನೂ ಇಲ್ಲ.”

“ಕತ್ತು ಕೊಯ್ದ ಹಕ್ಕಿ ಒದ್ದಾಡತ್ತೆ. ಪುಕ್ಕಕ್ಕೆ ರಕ್ತ ಅಂಟಲೇಬೇಕು. ಇಲ್ಲಿ ರಕ್ತ ಬೇರೆ, ಪುಕ್ಕ ಬೇರೆ.”

ಅನೂಪ್ ನೀರಿನ ಕಡೆ ತಿರುಗಿ ನಿಂತಿದ್ದ.

* * *

ಲಾಕಪ್ಪಿನ ಸರಳುಗಳ ಹಿಂದೆ ರಾಮ್‌ಸೇವಕ ಕೈ ಮುಗಿದುಕೊಂಡು ನಿಂತ.

“ಬಿದ್ದಿರೋ ಪುಕ್ಕ ಆರಿಸಿದ್ದು ನಿಜ ಸಾಹಬ್. ಮೊಮ್ಮಗಳಿಗೆ ದಿಂಬು ಮಾಡೋಣ ಅಂತ. ಹಕ್ಕಿ ಯಾಕೆ ಕೊಲ್ಲಲಿ? ಈ ಮಕ್ಕಳು ಬಲೆ ಹಾಕುವಾಗ ನನ್ನ ದೋಣೀನೇ ಕೊಟ್ಟಿದ್ದೆ.”

“ನಿನ್ನೆ ಸಂಜೆ ಅಲ್ಲಿ ಯಾರನ್ನಾದ್ರೂ ನೋಡಿದ್ಯಾ?”

“ಹೆಂಡತಿಗೆ ಜ್ವರ. ಡಿಸ್ಪೆನ್ಸರಿಗೆ ಕರ್ಕೊಂಡು ಹೋಗಿದ್ದೆ. ಗುಡಿಸಿಲಲ್ಲಿ ಯಾರೂ ಇರ್ಲಿಲ್ಲ.”

ಹೊರಗೆ ಬಂದಾಗ ಪ್ರಕೃತಿ ಹಲ್ಲು ಕಚ್ಚಿದ್ದಳು. “ಇದು ವಿಕ್ರಮ್ ಕೆಲಸ ಅಪ್ಪಾ. ನಮ್ಮ ಸೀನಿಯರ್. ಹಕ್ಕಿಗೆ ಮಶೀನ್ ಕಟ್ಟೋದೇ ಪಾಪ ಅಂತಾನೆ. ‘ಈ ತಮಾಷೆ ಮಾರ್ಚ್ ದಾಟಲ್ಲ, ದೇಖ್ ಲೇನಾ, ನೋಡ್ತಿರು’ ಅಂದಿದ್ದ.”

“ಚಲೋ, ಅವನನ್ನೇ ಕೇಳೋಣ.”

* * *

ವಿಕ್ರಮ್ ವಿಭಾಗದ ಕ್ಯಾಂಟೀನಿನಲ್ಲಿ ಸಮೋಸಾ ತಿನ್ನುತ್ತಿದ್ದ.

“ಹೌದು ಅಂಕಲ್, ಹಾಗೆ ಅಂದಿದ್ದೆ. ಅದಕ್ಕೆ ಹಕ್ಕೀನ ಕೊಲ್ತೀನಾ? ನಿಮ್ಮ ಮಗಳ ತಲೆ ಸರಿ ಇಲ್ಲ.”

“ಏಯ್!” ಎಂದಳು ಪ್ರಕೃತಿ.

“ನಿನ್ನೆ ಸಂಜೆ ಎಲ್ಲಿದ್ದೆ?” ಎಂದು ಕೇಳಿದ ಬಸವರಾಜ.

“ನಮ್ಮ ಗೈಡ್ ಚಂದ್ರಪ್ರಭಾ ಮೇಡಂ ಮುಂದೆ ಸೆಮಿನಾರ್ ಕೊಡ್ತಿದ್ದೆ. ಇವಳೂ ಅಲ್ಲೇ ಇದ್ದು ನನಗೆ ಅಡ್ಡ ಪ್ರಶ್ನೆ ಕೇಳ್ತಾ ಇದ್ಲು.” ವಿಕ್ರಮ್ ಸಮೋಸಾ ಕೆಳಗಿಟ್ಟ. “ಒಂದು ವಿಷ್ಯ ಇದೆ. ಹಕ್ಕಿಗಳ ಕೂಗು ಹಿಡಿಯೋಕೆ ಹಿನ್ನೀರಿನ ದಡದ ವಾಚ್‌ಟವರ್ ಸೂರಿನಡಿ ಒಂದು ಮೈಕು, ರೆಕಾರ್ಡರ್ ಇಟ್ಟಿದೀನಿ. ಗುರುವಾರ. ಇವರಿಗೆ ಹೇಳಿರ್ಲಿಲ್ಲ, ಹೇಳಿದ್ರೆ ಜಗಳ ತೆಗೀತಾರೆ. ನಿನ್ನೇದೂ ಅದರಲ್ಲಿ ಇರತ್ತೆ.”

ಪ್ರಕೃತಿ ಮತ್ತು ಅನೂಪರ ರಿಸೀವರು ಇದ್ದದ್ದೂ ಅದೇ ಗೋಪುರದಲ್ಲಿ, ಬೀಗ ಹಾಕಿದ ಪೆಟ್ಟಿಗೆಯೊಳಗೆ.

* * *

ಗೋಪುರದ ಮೆಟ್ಟಿಲ ಮೇಲೆ ಕುಳಿತು ಮೂವರೂ ವಿಕ್ರಮನ ರೆಕಾರ್ಡರ್ ಹಾಕಿಕೊಂಡು ಕೇಳಿದರು. ಗಾಳಿ. ಕೊಕ್ಕರೆ. ದೂರದ ಲಾರಿ ಹಾರ್ನು. ಸಂಜೆಯ ಗಿಳಿಗಳ ಗದ್ದಲ. ಆಮೇಲೆ ಮರದ ಮೆಟ್ಟಿಲು ಕಿರುಗುಟ್ಟಿತು. ಬೀಗ ತೆಗೆದ ಸದ್ದು. ಸ್ವಲ್ಪ ಮೌನ. ಇದ್ದಕ್ಕಿದ್ದಂತೆ, ‘ಟಿಕ್! ಟಿಕ್! ಟಿಕ್!’ ಕಿವಿ ಒಡೆಯುವಷ್ಟು ಜೋರು. ಹತ್ತಾರು ಸಲ ಬಡಿದು ತಟ್ಟನೆ ನಿಂತಿತು. ಮತ್ತೆ ಬೀಗ. ಮತ್ತೆ ಮೆಟ್ಟಿಲು.

“ಇನ್ನೊಂದ್ಸಲ ಹಾಕು,” ಎಂದ ಬಸವರಾಜ. ಕಣ್ಣು ಮುಚ್ಚಿಕೊಂಡು ಕೇಳಿದ. ಇಪ್ಪತ್ತೆರಡು ವರ್ಷ ಅವನು ಮಾಡಿದ್ದು ಇದೇ ಕೆಲಸ.

“ದೂರದ ಸೆಟ್ಟು ಹೀಗೆ ಕೂಗಲ್ಲ. ಗಾಳಿಗೆ, ನೀರಿಗೆ ಸದ್ದು ಏರಿಳಿಯತ್ತೆ. ಇದು ಏರಿಲ್ಲ, ಇಳಿದಿಲ್ಲ. ಟ್ರಾನ್ಸ್‌ಮಿಟರ್ ಈ ಆಂಟೆನಾ ಪಕ್ಕದಲ್ಲೇ ಇತ್ತು. ಇಲ್ಲೇ.” ಅವನು ಹಲಗೆಯ ಮೇಲೆ ತಟ್ಟಿದ. “ಪುಟ್ಟಿ, ಸಿಗ್ನಲ್ ಮೊದಲ ಸಲ ನಿಂತದ್ದು ಯಾವಾಗ?”

“ಮಧ್ಯಾಹ್ನ. ಅನೂಪ್ ಸಂಜೆ ಅಂದ, ಆದ್ರೆ ನಾನು ಕಾಲೇಜಿಗೆ ಹೊರಡೋ ಮುಂಚೆ ನೋಡ್ದೆ, ಆಗಲೇ ಬರ್ತಾ ಇರ್ಲಿಲ್ಲ. ಜೊಂಡಿನ ಹಿಂದೆ ಇರಬಹುದು ಅಂದ್ಕೊಂಡೆ.”

“ಮಧ್ಯಾಹ್ನ ನಿಂತದ್ದು ಸಂಜೆ ಮತ್ತೆ ಕೂಗಿದೆ. ಕಲ್ಲಲ್ಲಿ ಜಜ್ಜಿದ ಸೆಟ್ಟು ಮತ್ತೆ ಕೂಗಲ್ಲ. ಇದನ್ನ ಯಾರೋ ಆಫ್ ಮಾಡಿ, ಆನ್ ಮಾಡಿ, ಮತ್ತೆ ಆಫ್ ಮಾಡಿದಾರೆ. ಅದಕ್ಕೆ ಸ್ವಿಚ್ ಎಲ್ಲಿದೆ?”

“ಸ್ವಿಚ್ ಇಲ್ಲ ಅಪ್ಪಾ. ಒಂದು ಅಯಸ್ಕಾಂತ ಅಂಟಿಸಿದ್ರೆ ಆಫ್. ಕಿತ್ತರೆ ಆನ್.”

“ಅದು ರಾಮ್‌ಸೇವಕನಿಗೆ ಗೊತ್ತಾ?”

ಪ್ರಕೃತಿ ಮೇಲಿನ ಪೆಟ್ಟಿಗೆಯ ಕಡೆ ತಿರುಗಿದಳು. ವಿಕ್ರಮ್ ಮೆಲ್ಲಗೆ ಕೇಳಿದ. “ಪೆಟ್ಟಿಗೆಯ ಕೀ ಎಷ್ಟಿವೆ?”

“ಎರಡು,” ಎಂದಳು ಅವಳು. “ಒಂದು ನನ್ನ ಹತ್ರ.”

ಇನ್ನೊಂದು ಯಾರ ಹತ್ತಿರ ಎಂದು ಯಾರೂ ಕೇಳಲಿಲ್ಲ.

* * *

“ಅನೂಪ್ ಯಾಕೆ ಮಾಡ್ತಾನೆ? ನನಗಿಂತ ಜಾಸ್ತಿ ಕಷ್ಟಪಟ್ಟಿದಾನೆ.” ಭಾನುವಾರ ಬೆಳಿಗ್ಗೆಯೂ ಪ್ರಕೃತಿಯ ಪ್ರಶ್ನೆ ಅದೇ. ಇಂದಿರಾ ಮಾಡಿದ ಉಪ್ಪಿಟ್ಟು ತಟ್ಟೆಯಲ್ಲಿ ಆರುತ್ತಿತ್ತು.

“ತಿಂದು ಯೋಚನೆ ಮಾಡೇ,” ಎಂದಳು ಇಂದಿರಾ. “ಹಸಿದ ಹೊಟ್ಟೇಲಿ ಅಪ್ಪ ಮಗಳು ಇಬ್ರೂ ದಡ್ಡರು.”

ಹುಲ್ಲಿನ ಮೇಲಿಂದ ಆರಿಸಿದ್ದ ಎರಡು ಪುಕ್ಕಗಳನ್ನು ಬಸವರಾಜ ಜೇಬಿನಿಂದ ತೆಗೆದು ಮಗಳ ಮುಂದಿಟ್ಟ. “ಇವು ಹಕ್ಕಿಯ ಯಾವ ಭಾಗದ್ದು?”

“ಹೆಗಲಿನದು.” ಅವಳು ಬೆಳಕಿಗೆ ಹಿಡಿದಳು. ಪುಕ್ಕದ ನಡುವೆ ಅಡ್ಡಲಾಗಿ ಎಳೆಗಳು ತೇದು ಹೋಗಿದ್ದವು. “ಪಟ್ಟಿ ಉಜ್ಜಿದೆ. ಆದ್ರೆ ಹೀಗೆ ಉಜ್ಜಬಾರದು ಅಪ್ಪಾ. ಟ್ರಾನ್ಸ್‌ಮಿಟರ್ ತೂಕ ನಾನೇ ನೋಡಿದ್ದೆ. ನಲವತ್ತೈದು ಗ್ರಾಂ.”

“ಕಟ್ಟೋ ದಿನ ನೋಡಿದ್ಯಾ?”

“ಇಲ್ಲ. ಹಿಂದಿನ ವಾರ. ಆಮೇಲೆ ಬ್ಯಾಟರಿ ಜೋಡಿಸೋಕೆ ಅನೂಪ್ ತಗೊಂಡು ಹೋದ. ಒಂದೇ ಥರದ್ದು ಎರಡು ಮಾಡಿ ತಂದ. ಇನ್ನೊಂದು ನನ್ನ ಬ್ಯಾಗಲ್ಲೇ ಇದೆ.”

ಸೆಕ್ಟರಿನ ಮಾರ್ಕೆಟ್ಟಿನಲ್ಲಿ ಕಿರಾಣಿ ಅಂಗಡಿ ಆಗತಾನೇ ತೆರೆದಿತ್ತು.

“ಭಯ್ಯಾ, ಇದನ್ನ ಸ್ವಲ್ಪ ತೂಗಿ,” ಎಂದು ಪ್ರಕೃತಿ ಬ್ಯಾಗಿನಲ್ಲಿದ್ದ ಟ್ರಾನ್ಸ್‌ಮಿಟರನ್ನು ಕೊಟ್ಟಳು.

“ಇದೇನು, ಬಾಂಬ್ ತೋ ನಹೀ?” ಅಂಗಡಿಯವನು ನಕ್ಕು ಐವತ್ತು ಗ್ರಾಮಿನ ಬಟ್ಟು ಇಟ್ಟ. ತಕ್ಕಡಿ ಅಲುಗಲಿಲ್ಲ. ಇನ್ನೊಂದು ಐವತ್ತು ಇಟ್ಟ. ಆಗ ತಟ್ಟೆಗಳು ಸಮನಾದವು.

ಪ್ರಕೃತಿ ಅದನ್ನು ತಕ್ಕಡಿಯಿಂದ ಎತ್ತಿಕೊಂಡಳು. “ಇಷ್ಟು ಭಾರ ಹೊತ್ತುಕೊಂಡು ಅದು ಹಿಮಾಲಯ ದಾಟಬೇಕಿತ್ತಾ?”

* * *

ಓಲ್ಡ್ ರಾಜಿಂದರ್ ನಗರದ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಅನೂಪನ ಅಣ್ಣ ಪವನ್ ಬಾಡಿಗೆಗಿದ್ದ. ಎರಡು ರಾತ್ರಿಯಿಂದ ಅನೂಪ್ ಅಲ್ಲೇ ಮಲಗುತ್ತಿದ್ದಾನೆಂದು ಕ್ವಾರ್ಟರ್ಸಿನಲ್ಲಿ ಅವನ ತಾಯಿ ಹೇಳಿದ್ದಳು. ಐ.ಎ.ಎಸ್. ಪರೀಕ್ಷೆಗೆ ಮೂರನೇ ಸಲ ಕೂರುವವನು. ಬಾಗಿಲು ತೆಗೆದವನೇ ಕೈ ಮುಗಿದ.

“ಅಂಕಲ್, ಅದನ್ನ ಕರ್ಕೊಂಡು ಹೋಗೋಕೆ ಬಂದ್ರಾ? ದೇವರು ಬಂದಂಗೆ ಬಂದ್ರಿ. ಬೆಳಗಿನ ಜಾವ ಕೂಗಿ ಬಿಲ್ಡಿಂಗೆಲ್ಲ ಎಬ್ಬಿಸತ್ತೆ. ಮನೆ ಓನರ್ರು ನಾನು ಹೊಸ ಅಲಾರಂ ತಂದಿದೀನಿ ಅಂದ್ಕೊಂಡಿದಾರೆ!”

ಟೆರೇಸಿನ ನೀರಿನ ಟ್ಯಾಂಕಿನ ನೆರಳಿನಲ್ಲಿ ಬಟ್ಟೆ ಒಗೆಯುವ ಟಬ್ಬು. ಅದರೊಳಗೆ ಹೆಬ್ಬಾತು. ಜೀವಂತ. ಹೆಗಲಿನ ಗಾಯಕ್ಕೆ ಅರಿಸಿನ ಹಚ್ಚಿತ್ತು. ಪಕ್ಕದಲ್ಲಿ ಅನೂಪ್ ನೆನೆಸಿದ ಗೋಧಿ ಹಿಡಿದುಕೊಂಡು ಕುಳಿತಿದ್ದ. ಇವರನ್ನು ಕಂಡು ಏಳಲೂ ಇಲ್ಲ, ಓಡಲೂ ಇಲ್ಲ.

ಪ್ರಕೃತಿ ಟಬ್ಬಿನ ಬಳಿ ಕುಸಿದು ಕುಳಿತಳು. ಹಕ್ಕಿ ಅವಳ ಬೆರಳು ಕುಕ್ಕಿತು. ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು.

“ಎಲ್ಲಿ ತಪ್ಪಿದ್ದು ಅಂತ ನಾನು ಹೇಳ್ತೀನಿ,” ಎಂದ ಬಸವರಾಜ. “ತಪ್ಪಿದ್ರೆ ತಿದ್ದು. ಸದ್ದು ಲಡಾಖಿನಲ್ಲೂ ಜೋರಾಗಿ ಕೇಳಲಿ ಅಂತ ದೊಡ್ಡ ಬ್ಯಾಟರಿ ಹಾಕಿದೆ. ಇವಳಿಗೆ ಹೇಳಲಿಲ್ಲ. ಹಕ್ಕಿಗೆ ಗಾಯ ಆಯ್ತು. ಶುಕ್ರವಾರ ಮಧ್ಯಾಹ್ನ ಹಾರಲಾಗದೆ ಜೊಂಡಿನಲ್ಲಿ ಕೂತಿತ್ತು. ನೀನು ಹಿಡಿದು, ಪಟ್ಟಿ ಕತ್ತರಿಸಿ, ಅಯಸ್ಕಾಂತ ಅಂಟಿಸಿ ಸದ್ದು ನಿಲ್ಲಿಸಿದೆ.”

“ಹೌದು ಅಂಕಲ್. ಯಂತ್ರದಿಂದ ಹಕ್ಕಿಗೆ ಗಾಯ ಆದ್ರೆ ಅಧ್ಯಯನ ಬಂದ್. ಪರ್ಮಿಶನ್ನಿನಲ್ಲಿ ಹಾಗೇ ಇದೆ. ಬೇಟೆ ಅಂದ್ರೆ ಅದು ನಮ್ಮ ತಪ್ಪಾಗಲ್ಲ, ಇನ್ನೊಂದು ಹಕ್ಕಿಗೆ ಅವಕಾಶ ಸಿಗತ್ತೆ ಅಂದ್ಕೊಂಡೆ. ಕೋಳಿ ಅಂಗಡಿಯಿಂದ ರಕ್ತ ತಂದೆ. ಉದುರಿದ ಪುಕ್ಕ ಹರಡಿದೆ. ಯಾರನ್ನೂ ಹಿಡಿಯಲ್ಲ ಅಂತಿದ್ದೆ.”

“ಗುಡಿಸಿಲಿನ ಕಡೆ ಬೆರಳು ತೋರಿಸಿದ್ದು ಯಾರು?”

ಅನೂಪ್ ತಲೆ ತಗ್ಗಿಸಿದ. “ಪೊಲೀಸರು ಕೇಳಿದಾಗ ಬಾಯಿಗೆ ಬಂದದ್ದು ಹೇಳ್ಬಿಟ್ಟೆ. ಆದ್ರೆ ನಿಮಗೆ ಗೊತ್ತಾಗಿದ್ದು ಹೇಗೆ?”

“ಎಲ್ಲಾ ಸರಿಯಾಗೇ ಮಾಡಿದ್ದೆ. ಟ್ರಾನ್ಸ್‌ಮಿಟರನ್ನ ನದಿಗೆ ಎಸೆದಿದ್ರೆ ಸಿಕ್ಕಿಬೀಳ್ತಾ ಇರ್ಲಿಲ್ಲ. ನೀನು ಗೋಪುರ ಹತ್ತಿ, ಅಯಸ್ಕಾಂತ ಕಿತ್ತು, ಅದು ಇನ್ನೂ ಕೆಲಸ ಮಾಡತ್ತಾ ಅಂತ ನೋಡಿದೆ. ಕಳ್ಳ ಹಾಗೆ ಮಾಡಲ್ಲ. ಕೈಯಾರೆ ಸೆಟ್ ಕಟ್ಟಿದವನು ಮಾತ್ರ ಮಾಡ್ತಾನೆ. ವಿಕ್ರಮ್ ಇಟ್ಟಿದ್ದ ಮೈಕು ಅದನ್ನ ಕೇಳಿಸ್ಕೊಳ್ತು.”

“ನೀರು ಹೊಕ್ಕಿದೆಯೇನೋ ಅಂತ ಅನುಮಾನ ಬಂತು,” ಎಂದು ಅನೂಪ್ ಗೊಣಗಿದ. ಪವನ್ ಹಣೆ ಹಣೆ ಬಡಿದುಕೊಂಡ.

ಪ್ರಕೃತಿ ಎದ್ದು ನಿಂತಳು. “ನಂಗೆ ಹೇಳಿದ್ರೆ ಒಟ್ಟಿಗೆ ಬೈಸ್ಕೋತಿದ್ವಿ ಕಣೋ. ಈಗ ಒಬ್ಬ ಮುದುಕ ಲಾಕಪ್ಪಲ್ಲಿದಾನೆ.” ನಂತರ ಅಪ್ಪನ ಕಡೆ ತಿರುಗಿದಳು. ದನಿ ಸಣ್ಣದಾಯಿತು. “ನಿಜ ಹೇಳಿದ್ರೆ ನನ್ನ ಅಧ್ಯಯನ ಇವತ್ತಿಗೇ ಮುಗೀತು. ಹೈ ನಾ?”

“ಹೌದು.”

“ರಾಮ್‌ಸೇವಕ್ ಚಾಚಾ?”

“ಸಂಜೆಯೊಳಗೆ ಹೊರಗೆ ಬರ್ತಾನೆ.”

ಅವಳು ಟಬ್ಬನ್ನೊಮ್ಮೆ ನೋಡಿದಳು. “ಚಲೋ. ಆಟೋ ಕರೀರಿ.”

* * *

ಮಲಿಕ್ ಬಾಯಿ ತುಂಬ ಬೈದ. ಆಟೋದಲ್ಲಿ ಬಂದಿಳಿದ ‘ಕೊಲೆಯಾದ ಹಕ್ಕಿ’ ಮೇಜಿನ ಮೇಲೆ ಹಿಕ್ಕೆ ಹಾಕಿದಾಗ ಸುಮ್ಮನಾದ. ಅನೂಪನ ಹೇಳಿಕೆ ಬರೆಸಿಕೊಂಡ. ರಾಮ್‌ಸೇವಕ ಹೊರಬಂದು ಹುಡುಗನ ಮುಖವನ್ನೇ ದಿಟ್ಟಿಸಿದ.

“ಹೊಡೀರಿ ಚಾಚಾ,” ಎಂದ ಅನೂಪ್.

“ಹೊಡೆದ್ರೆ ನನ್ನ ಎರಡು ದಿನ ವಾಪಸ್ ಬರತ್ತಾ? ಹೊಲಕ್ಕೆ ನೀರು ಬಿಟ್ಟಿಲ್ಲ. ಬಂದು ಬಿಡು.”

ಅನೂಪ್ ಹೋದ. ಆ ವಾರವೆಲ್ಲ ಹೋದ. ವಿಶ್ವವಿದ್ಯಾಲಯ ಅವನನ್ನು ಒಂದು ಸೆಮಿಸ್ಟರ್ ಹೊರಗಿಟ್ಟಿತು. ಸುಳ್ಳು ಸಾಕ್ಷ್ಯದ ಕೇಸು ಬೇರೆ ನಡೆಯಿತು. ಚಂದ್ರಪ್ರಭಾ ಮೇಡಂ ಅಧ್ಯಯನವನ್ನು ನಿಲ್ಲಿಸಿದರು. ಮುಂದಿನ ಚಳಿಗಾಲಕ್ಕೆ ಹೊಸದಾಗಿ ಅರ್ಜಿ ಹಾಕಲು ಪ್ರಕೃತಿಗೆ ಹೇಳಿದರು. ಒಂದೇ ಷರತ್ತು. ಕಟ್ಟುವ ದಿನ, ಕಟ್ಟುವ ಜಾಗದಲ್ಲೇ, ಎಲ್ಲರ ಮುಂದೆ ತೂಗಬೇಕು.

“ಅನೂಪ್ ವಾಪಸ್ ಬಂದ್ಮೇಲೆ ಅವನ ಕೈಲೇ ತೂಗಿಸ್ತೀನಿ ಮೇಡಂ,” ಎಂದಳು ಪ್ರಕೃತಿ.

ಮಾರ್ಚ್ ಕೊನೆಗೆ ಪಶುವೈದ್ಯರು ಹಕ್ಕಿಯನ್ನು ಬಿಡಬಹುದೆಂದರು. ಬಸವರಾಜ ರಜೆ ಹಾಕಿ ಬಂದ. ಹಿನ್ನೀರಿನಲ್ಲಿ ಕೊನೆಯ ಗುಂಪು ಇನ್ನೂ ಉಳಿದಿತ್ತು. ಪ್ರಕೃತಿ ಬುಟ್ಟಿಯ ಮುಚ್ಚಳ ತೆಗೆದಳು. ಹೆಬ್ಬಾತು ಒಮ್ಮೆ ಮೈ ಕೊಡವಿತು. ನೀರಿನ ಮೇಲೆ ಓಡಿ, ಎದ್ದು, ಗುಂಪನ್ನು ಸೇರಿತು. ಬಿಸಿಲು ಏರುವ ಹೊತ್ತಿಗೆ ಗುಂಪು ಉತ್ತರಕ್ಕೆ ತಿರುಗಿತು. ಯಾವುದರ ಬೆನ್ನ ಮೇಲೂ ಯಂತ್ರವಿರಲಿಲ್ಲ. ಅವು ಎಲ್ಲಿ ಇಳಿದವೆಂದು ಆ ವರ್ಷ ಯಾರಿಗೂ ತಿಳಿಯಲಿಲ್ಲ.

ಬಸವರಾಜ ಮಗಳಿಗೆ ಕೊಟ್ಟ ಮಾತು ನಡೆಸಿಕೊಡಲಿಲ್ಲ.